ಪಾರ್ಕಿನಲ್ಲಿ ಗಿಡ ನೆಡುವಿರಾ? ಮೊದಲು ಕವರ್ ಬಿಚ್ಚಿ

ಜೂನ್ 5ರ ವಿಶ್ವ ಪರಿಸರ ದಿನ, ಜುಲೈ ಮೊದಲ ವಾರದ ವನಮಹೋತ್ಸವ ಹತ್ತಿರ ಬಂದವೆಂದರೆ ಬೆಂಗಳೂರಿನ ಬಡಾವಣೆಗಳ ಪಾರ್ಕುಗಳಲ್ಲಿ ಗಿಡ ನೆಡುವ ಸಂಭ್ರಮ. 1950ರಲ್ಲಿ ಅಂದಿನ ಕೇಂದ್ರ ಸಚಿವ ಕೆ.ಎಂ. ಮುನ್ಷಿ ಆರಂಭಿಸಿದ ವನಮಹೋತ್ಸವ ಇಂದು ನಿವಾಸಿಗಳ ಸಂಘ, ಶಾಲೆ, ಕಂಪನಿಗಳ ಸ್ವಯಂಸೇವಕರೆಲ್ಲ ಸೇರುವ ಕಾರ್ಯಕ್ರಮವಾಗಿದೆ. ಉತ್ಸಾಹಕ್ಕೆ ಕೊರತೆಯಿಲ್ಲ. ಆದರೆ ಯುಗಾದಿಯ ಹೊತ್ತಿಗೆ ಅದೇ ಪಾರ್ಕಿಗೆ ಹೋಗಿ ನೋಡಿ. ಟ್ರೀಗಾರ್ಡ್ ನಿಂತಿರುತ್ತದೆ, ಒಳಗೆ ಒಣಗಿದ ಕಡ್ಡಿ ಇರುತ್ತದೆ. ಬಿಸಿಲು, ದನ, ಪಾಲಿಕೆ ಎಂದು ದೂರುತ್ತೇವೆ. ನಾನು ಕಂಡಂತೆ ಬಹುಪಾಲು ಗಿಡಗಳು ಕೆಡುವುದು ನೆಟ್ಟ ದಿನದ ಅವಸರದಿಂದ, ಇಲ್ಲವೇ ಮೊದಲ ಬೇಸಿಗೆಯಲ್ಲಿ ನೀರು ಸಿಗದೆ. ಎರಡನ್ನೂ ತಪ್ಪಿಸುವುದು ನಮ್ಮ ಕೈಯಲ್ಲೇ ಇದೆ.

ಇಲ್ಲಿ ಹೇಳಿರುವುದು ಬೆಂಗಳೂರಿನ ಬಡಾವಣೆ ಪಾರ್ಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಮೈಸೂರು, ದಾವಣಗೆರೆ, ಹುಬ್ಬಳ್ಳಿಯವರಿಗೂ ಕ್ರಮ ಇದೇ. ಮಳೆಯ ತಿಂಗಳ ಲೆಕ್ಕ ಮಾತ್ರ ಬದಲಾಗುತ್ತದೆ.

1. ಪಾರ್ಕ್ ಯಾರದ್ದೆಂದು ತಿಳಿದುಕೊಳ್ಳಿ

ಸಾಮಾನ್ಯವಾಗಿ ಬಡಾವಣೆಯ ಪಾರ್ಕ್ ಪಾಲಿಕೆಯ ತೋಟಗಾರಿಕೆ ವಿಭಾಗದ ಸುಪರ್ದಿಯಲ್ಲಿರುತ್ತದೆ. ಪಾಲಿಕೆಗೆ ಇನ್ನೂ ಹಸ್ತಾಂತರವಾಗದ ಬಡಾವಣೆಗಳಲ್ಲಿ ಬಿಡಿಎಯನ್ನು ಕೇಳಬೇಕು. ಕಬ್ಬನ್ ಪಾರ್ಕ್, ಲಾಲ್‌ಬಾಗ್ ರಾಜ್ಯ ತೋಟಗಾರಿಕೆ ಇಲಾಖೆಯವು. ಅಲ್ಲಿ ನಾವಾಗಿ ಗುಂಡಿ ತೋಡುವಂತಿಲ್ಲ.

ಏಪ್ರಿಲ್‌ನಲ್ಲೇ ಒಂದು ಅರ್ಜಿ ಕೊಡಿ. ಎಷ್ಟು ಗಿಡ, ಯಾವ ಜಾತಿ, ಎಲ್ಲೆಲ್ಲಿ, ನೀರು ಹಾಕುವವರು ಯಾರು ಎಂಬ ನಾಲ್ಕು ವಿವರ ಸಾಕು. ಜೊತೆಗೆ ಪಾರ್ಕಿನ ಕೈನಕ್ಷೆ ಲಗತ್ತಿಸಿ. ಒಳಚರಂಡಿ ಪೈಪು, ಕಾವೇರಿ ನೀರಿನ ಪೈಪು, ನೆಲದಡಿಯ ವಿದ್ಯುತ್ ಕೇಬಲ್ ಎಲ್ಲಿ ಹಾದುಹೋಗಿವೆ ಎಂದು ಎಂಜಿನಿಯರ್ ಬಳಿ ಕೇಳಿ ಅದರಲ್ಲಿ ಗುರುತು ಹಾಕಿಸಿಕೊಳ್ಳಿ. ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಕಡತದಲ್ಲಿಡಿ. ಮುಂದೊಂದು ದಿನ ವಾಕಿಂಗ್ ಟ್ರ್ಯಾಕಿಗೋ ತೆರೆದ ಜಿಮ್‌ಗೋ ಜೆಸಿಬಿ ಬಂದು ನಿಂತಾಗ ನಿಮ್ಮ ಪರವಾಗಿ ಮಾತನಾಡುವುದು ಆ ಮುದ್ರೆ.

ಅಧಿಕಾರಿಗಳಷ್ಟೇ ಮುಖ್ಯವಾದವರು ಪಾರ್ಕಿನ ಮಾಲಿ. ಬೋರ್‌ವೆಲ್ ಎಷ್ಟು ಹೊತ್ತು ಓಡುತ್ತದೆ, ಮಳೆನೀರು ಎಲ್ಲಿ ನಿಲ್ಲುತ್ತದೆ, ಮಕ್ಕಳು ಕ್ರಿಕೆಟ್ ಆಡುವ ಮೂಲೆ ಯಾವುದು ಎಂಬುದು ಅವರಿಗೆ ಗೊತ್ತು. ಅವರನ್ನು ಕೇಳದೆ ಜಾಗ ಗುರುತಿಸಬೇಡಿ.

2. ಗಿಡ ಎಣಿಸುವ ಮುನ್ನ ಜಾಗ ಎಣಿಸಿ

'ನೂರು ಗಿಡ ನೆಡುತ್ತೇವೆ' ಎಂದು ಬ್ಯಾನರ್ ಬರೆಸುವ ಮೊದಲು ಮಧ್ಯಾಹ್ನ ಹನ್ನೆರಡಕ್ಕೆ ಪಾರ್ಕಿಗೆ ಹೋಗಿ ತಲೆಯೆತ್ತಿ ನೋಡಿ. ನೇರ ಬಿಸಿಲು ಬೀಳುವ ಜಾಗ ಎಷ್ಟಿದೆ? ದೊಡ್ಡದಾಗಿ ಬೆಳೆಯುವ ಮರಕ್ಕೆ ಸುತ್ತ 25ರಿಂದ 30 ಅಡಿ, ಮಧ್ಯಮ ಗಾತ್ರದ್ದಕ್ಕೆ 15 ಅಡಿ ಬೇಕು. ಈ ಲೆಕ್ಕ ಹಿಡಿದರೆ ಸಾಧಾರಣ ಬಡಾವಣೆ ಪಾರ್ಕಿನಲ್ಲಿ ಹತ್ತಿಪ್ಪತ್ತು ಗಿಡಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಜಯನಗರ, ಮಲ್ಲೇಶ್ವರ, ಬಸವನಗುಡಿಯ ಹಳೆಯ ಪಾರ್ಕುಗಳಲ್ಲಿ ಅದಕ್ಕೂ ಕಡಿಮೆ. ದೊಡ್ಡ ಮರದ ದಟ್ಟ ನೆರಳಿನಡಿ ನೆಟ್ಟ ಹೊಂಗೆ ಬೆಳಕು ಹುಡುಕಿಕೊಂಡು ಸೊಟ್ಟಗೆ ಏಳುತ್ತದೆ, ಇಲ್ಲವೇ ಸಾಯುತ್ತದೆ.

ಜಾಗವಿಲ್ಲದಿದ್ದರೆ ಸ್ವಯಂಸೇವಕರಿಗೆ ಬೇರೆ ಕೆಲಸವಿದೆ. ಇರುವ ಮರಗಳ ಬುಡಕ್ಕೆ ಒತ್ತಿ ಹಾಕಿರುವ ಸಿಮೆಂಟನ್ನು ಪಾಲಿಕೆಯಿಂದ ತೆಗೆಸುವುದು, ತರಗೆಲೆಯನ್ನು ಗೊಬ್ಬರ ಮಾಡುವುದು, ಹೋದ ವರ್ಷದ ಗಿಡಗಳಿಗೆ ನೀರುಣಿಸುವುದು. ಇದು ನೆಡುವುದಕ್ಕಿಂತ ಕಡಿಮೆ ಸೇವೆಯೇನಲ್ಲ.

3. ಜಾತಿ ಆಯ್ಕೆ

ಮೇ ಫ್ಲವರ್ ಎಂದು ನಾವು ಕರೆಯುವ ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದದ್ದು, ತಬೂಬಿಯಾ ಮತ್ತು ಜಕರಂಡ ದಕ್ಷಿಣ ಅಮೆರಿಕದವು. ಬೆಂಗಳೂರಿನ ಬೀದಿಗಳಿಗೆ ಅವು ಕೊಟ್ಟಿರುವ ಬಣ್ಣ ದೊಡ್ಡದು. ಆದರೆ ಹೊಸದಾಗಿ ನೆಡುವಾಗ ನಮ್ಮ ನೆಲದ ಮರಗಳಿಗೆ ಜಾಗ ಕೊಡಿ. ಗುಲ್‌ಮೊಹರ್‌ನ ಕೊಂಬೆ ಪೆಡಸು, ಬೇರು ಮೇಲ್ಮಟ್ಟದ್ದು. ಮಕ್ಕಳು ಆಡುವ ಕಡೆ ಅದು ಬೇಡ.

ದೊಡ್ಡ ಮರಕ್ಕೆ ಹೊಂಗೆ, ಬೇವು, ನೇರಳೆ, ಹೊಳೆಮತ್ತಿ. ಮಧ್ಯಮ ಗಾತ್ರಕ್ಕೆ ಕಕ್ಕೆ, ಬಕುಳ, ಸಂಪಿಗೆ, ಹೊಳೆದಾಸವಾಳ. ನೇರಳೆಯನ್ನು ನಡೆಯುವ ದಾರಿಯಿಂದ ದೂರವಿಡಿ. ಹಣ್ಣಿನ ಕಾಲದಲ್ಲಿ ಕಲ್ಲುಹಾಸಿನ ಮೇಲೆ ಬಿದ್ದ ಹಣ್ಣು ತುಳಿದು ವಯಸ್ಸಾದವರು ಜಾರುತ್ತಾರೆ. ಆಲ, ಅರಳಿ, ಅತ್ತಿ ಹಕ್ಕಿಗಳಿಗೆ ಹಬ್ಬ ನಿಜ, ಆದರೆ ಕಾಂಪೌಂಡ್ ಗೋಡೆಗೂ ಒಳಚರಂಡಿಗೂ ದೂರವಿರುವ ದೊಡ್ಡ ಪಾರ್ಕಿದ್ದರೆ ಮಾತ್ರ ನೆಡಿ. ಬೇಗ ಹಸಿರಾಗುತ್ತದೆಂದು ಕೊನೊಕಾರ್ಪಸ್ ತರಲೇಬೇಡಿ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದೆ.

4. ಸಸಿ ಆರಿಸುವುದು

ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಸಸಿಗಳನ್ನು ಕವರಿನ ಅಳತೆಯಿಂದ ಹೇಳುತ್ತಾರೆ: 6x9, 8x12, 10x16, 14x20 ಇಂಚು. ಪಾರ್ಕಿಗೆ 10x16 ಅಥವಾ 14x20 ಅಳತೆಯದು ಸರಿ. ಎತ್ತರಕ್ಕೆ ಮರುಳಾಗದೆ ಕಾಂಡದ ದಪ್ಪ ನೋಡಿ. ಕಡ್ಡಿಗೆ ಕಟ್ಟದಿದ್ದರೆ ಬಾಗುವ ಏಳಡಿ ಸಸಿಗಿಂತ ತಾನಾಗಿ ನಿಲ್ಲುವ ನಾಲ್ಕಡಿಯದು ಒಳ್ಳೆಯದು. ಕವರಿನ ತೂತುಗಳಿಂದ ದಪ್ಪ ಬೇರು ಹೊರಗೆ ಬಂದು ನರ್ಸರಿಯ ನೆಲಕ್ಕೆ ಇಳಿದಿದ್ದರೆ ಅದು ಹಳೆಯ ಸಸಿ. ಬಿಟ್ಟುಬಿಡಿ.

5. ಗುಂಡಿ ಮತ್ತು ನೆಡುವ ಕಾಲ

ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ನೆಡುವ ದಿನ ತೋಡುವುದಲ್ಲ, ಮೇ ತಿಂಗಳಲ್ಲೇ ತೋಡಿ ಬಿಸಿಲು ಕಾಯಿಸಬೇಕು. ಮಕ್ಕಳು ಬೀಳದಂತೆ ಸುತ್ತ ಹಗ್ಗ ಕಟ್ಟಿ. ಮೇಲಿನ ಒಂದಡಿ ಮಣ್ಣನ್ನು ಬೇರೆ ರಾಶಿ ಮಾಡಿ. ಹೊಸ ಬಡಾವಣೆಗಳ ಪಾರ್ಕಿನಲ್ಲಿ ಅಗೆದಷ್ಟೂ ಇಟ್ಟಿಗೆ ಚೂರು, ಜಲ್ಲಿ, ಸಿಮೆಂಟು ಸಿಗುತ್ತದೆ. ಅದನ್ನು ಮತ್ತೆ ಗುಂಡಿಗೇ ತುಂಬದೆ ಹೊರಗೆ ಸಾಗಿಸಿ ಒಳ್ಳೆಯ ಮಣ್ಣು ತರಿಸಿ. ಎರಡು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಬೇಡ. ಅದರ ಬಿಸಿಗೆ ಬೇರು ಸುಡುತ್ತದೆ, ಜೊತೆಗೆ ಗೊಣ್ಣೆಹುಳು ಬರುತ್ತದೆ. ಗುಂಡಿಗೆ ಎರಡು ಬಕೆಟ್ ನೀರು ಸುರಿದು ನೋಡಿ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ಹೊಳೆಮತ್ತಿ ಬಿಟ್ಟು ಬೇರೆ ಪ್ರಯತ್ನ ಬೇಡ.

ಜೂನ್ 5ಕ್ಕೇ ನೆಡಬೇಕೆಂಬ ಹಟ ಬಿಡಿ. ಬೆಂಗಳೂರಿನಲ್ಲಿ ಜೂನ್, ಜುಲೈ ಎಂದರೆ ತುಂತುರು ಮತ್ತು ಗಾಳಿ. ದೊಡ್ಡ ಮಳೆ ಬರುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಎರಡು ಮೂರು ಹದ ಮಳೆ ಬಿದ್ದು ಒಂದಡಿ ಆಳದವರೆಗೆ ಮಣ್ಣು ನೆನೆದ ಮೇಲೆ ನೆಡಿ. ಆಗಸ್ಟ್ ಮುಗಿಯುವುದರೊಳಗೆ ಕೆಲಸ ಮುಗಿದರೆ ಡಿಸೆಂಬರ್‌ನ ಒಣಹವೆಗೆ ಮುನ್ನ ಬೇರು ಹಿಡಿಯುತ್ತದೆ.

6. ಕವರ್ ಬಿಚ್ಚಿ, ಬೇರು ನೋಡಿ

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಕವರ್ ಸಮೇತ ಗಿಡ ನೆಡಬಾರದು. ಇಷ್ಟು ಸರಳ ಮಾತನ್ನು ಹೇಳಬೇಕೇ ಎನಿಸಬಹುದು. ಸತ್ತ ಗಿಡದ ಬುಡ ಅಗೆದು ನೋಡಿದವರಿಗೆ ಗೊತ್ತು, ಹೇಳಬೇಕು. ಕಪ್ಪು ಕವರ್ ಹಾಗೆಯೇ ಸಿಗುತ್ತದೆ, ಒಳಗೆ ಬೇರು ಹಾಗೆಯೇ ಸುತ್ತಿಕೊಂಡಿರುತ್ತದೆ.

ಬಿಚ್ಚದಿರುವುದಕ್ಕೆ ಮೂರು ಕಾರಣ ಹೇಳುತ್ತಾರೆ. ಬಿಚ್ಚಿದರೆ ಮಣ್ಣು ಉದುರುತ್ತದೆ. ತಳ ಸೀಳಿದ್ದೇವೆ, ಬೇರು ಅಲ್ಲಿಂದ ಇಳಿದುಕೊಳ್ಳುತ್ತದೆ. ಕವರ್ ಮಣ್ಣಿನಲ್ಲಿ ಕರಗಿಹೋಗುತ್ತದೆ. ಮಣ್ಣು ಉದುರುವುದು ಒಣಗಿದ್ದಾಗ. ಹಿಂದಿನ ಸಂಜೆ ಸಸಿಗೆ ನೀರು ಹಾಕಿಟ್ಟರೆ ಉದುರುವುದಿಲ್ಲ. ತಳ ಮಾತ್ರ ಸೀಳಿದರೆ ಪಕ್ಕದ ಬೇರುಗಳಿಗೆ ದಾರಿಯೇ ಇರುವುದಿಲ್ಲ, ಮರವನ್ನು ಗಾಳಿಗೆ ಹಿಡಿದು ನಿಲ್ಲಿಸುವುದು ಆ ಪಕ್ಕದ ಬೇರುಗಳೇ. ಇನ್ನು ಪಾಲಿಥೀನ್ ನಮ್ಮ ಕಾಲದಲ್ಲಿ ಕರಗುವುದಿಲ್ಲ.

ಕವರ್ ತೆಗೆದ ಮಾತ್ರಕ್ಕೂ ಮುಗಿಯಲಿಲ್ಲ. ಕವರಿನೊಳಗೆ ತಿಂಗಳುಗಟ್ಟಲೆ ಇದ್ದ ಬೇರು ತಳದಲ್ಲಿ ಸಿಂಬೆಯಂತೆ ಸುತ್ತಿಕೊಂಡಿರುತ್ತದೆ. ಕವರ್ ಹೋದರೂ ಆ ಸುತ್ತು ಬಿಡಿಸಿಕೊಳ್ಳುವುದಿಲ್ಲ. ಬೇರು ಅದೇ ವೃತ್ತದಲ್ಲಿ ದಪ್ಪವಾಗುತ್ತ ಹೋಗುತ್ತದೆ, ಕಾಂಡವೂ ದಪ್ಪವಾಗುತ್ತದೆ, ಕೊನೆಗೆ ಮರದ ಬುಡವನ್ನು ಅದರದೇ ಬೇರು ಬಿಗಿಯುತ್ತದೆ. ಮೊದಲ ಐದಾರು ವರ್ಷ ಮರ ಚೆನ್ನಾಗಿಯೇ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಆಮೇಲೆ ಏಪ್ರಿಲ್, ಮೇ ತಿಂಗಳ ಬಿರುಗಾಳಿ ಮಳೆಗೆ ಬುಡಸಮೇತ ಉರುಳುತ್ತದೆ. ನಗರದಲ್ಲಿ ಮರ ಉರುಳಲು ಚರಂಡಿಗಾಗಿ ಬೇರು ಕಡಿಯುವುದು, ಬುಡಕ್ಕೆ ಕಾಂಕ್ರೀಟ್ ಹಾಕುವುದು ಮುಂತಾಗಿ ಬೇರೆ ಕಾರಣಗಳೂ ಇವೆ. ನೆಡುವವರು ಪೂರ್ತಿಯಾಗಿ ತಡೆಯಬಹುದಾದದ್ದು ಈ ಸುರುಳಿ ಬೇರನ್ನು.

ಹೀಗೆ ಮಾಡಿ:

- ಸಸಿಯನ್ನು ಗುಂಡಿಯ ಅಂಚಿನಲ್ಲಿ ಮಲಗಿಸಿ. ಕಾಂಡ ಹಿಡಿದು ಎಳೆಯಬೇಡಿ.
- ಕವರನ್ನು ಮೇಲಿನಿಂದ ತಳದವರೆಗೆ ಎರಡೂ ಬದಿ ಬ್ಲೇಡಿನಿಂದ ಸೀಳಿ, ಪೂರ್ತಿ ಹೊರತೆಗೆಯಿರಿ.
- ತಳದಲ್ಲಿ ಬೇರು ಸುತ್ತಿಕೊಂಡಿದ್ದರೆ ಬೆರಳಗಲ ತಳವನ್ನೇ ಕತ್ತರಿಸಿ. ಪಕ್ಕದಲ್ಲಿ ಸುತ್ತಿದ್ದರೆ ಮೇಲಿನಿಂದ ಕೆಳಕ್ಕೆ ಮೂರು ನಾಲ್ಕು ಕಡೆ ತೆಳುವಾಗಿ ಗೀರಿ. ಗಿಡಕ್ಕೆ ನೋವಾದೀತೆಂದು ಹಿಂಜರಿಯಬೇಡಿ. ಕತ್ತರಿಸಿದಲ್ಲಿ ಹೊಸ ಬೇರು ಒಡೆದು ಹೊರಕ್ಕೆ ಚಾಚುತ್ತದೆ.
- ಪೆನ್ಸಿಲ್ ದಪ್ಪದ ಬೇರೇ ಸುತ್ತಿಕೊಂಡಿದ್ದರೆ ಆ ಸಸಿಯನ್ನು ನೆಡದೆ ನರ್ಸರಿಗೆ ವಾಪಸ್ ಕೊಡಿ.
- ಕವರಿನ ಮೇಲ್ಭಾಗದ ಮಣ್ಣು ಕೆದರಿ ಕಾಂಡದಿಂದ ಮೊದಲ ಬೇರು ಹೊರಡುವ ಜಾಗ ಹುಡುಕಿ. ಅದು ನೆಲದ ಮಟ್ಟಕ್ಕೆ ಸರಿಯಾಗಿ ಬರಬೇಕು. 'ಗಟ್ಟಿಯಾಗಿ ನಿಲ್ಲಲಿ' ಎಂದು ಕಾಂಡವನ್ನು ಅರ್ಧ ಅಡಿ ಹೂತರೆ ತೊಗಟೆ ಕೊಳೆಯುತ್ತದೆ.
- ಸುತ್ತ ಮಣ್ಣು ತುಂಬಿ ಕಾಲಿನಿಂದ ಹಗುರವಾಗಿ ಒತ್ತಿ, ಒಂದು ಬಕೆಟ್ ನೀರು ಹಾಕಿ. ಮಳೆ ಬರುತ್ತಿದ್ದರೂ ಹಾಕಿ.

ಅತಿಥಿಗಳಿಂದ ನೆಡಿಸುವ ಗಿಡಗಳಲ್ಲಿ ಈ ತಪ್ಪು ಹೆಚ್ಚು. ಫೋಟೊ, ಭಾಷಣಗಳ ಗಡಿಬಿಡಿಯಲ್ಲಿ ಕವರ್ ಹಾಗೆಯೇ ಗುಂಡಿಗಿಳಿಯುತ್ತದೆ. ಅತಿಥಿಯ ಪಕ್ಕದಲ್ಲಿ ಬ್ಲೇಡ್ ಹಿಡಿದ ಒಬ್ಬರು ನಿಲ್ಲಲೇಬೇಕು. ಕೊನೆಯಲ್ಲಿ ಎಲ್ಲ ಕವರ್ ಒಂದೆಡೆ ಹಾಕಿ ಎಣಿಸಿ. ಇಪ್ಪತ್ತು ಗಿಡ ನೆಟ್ಟಿದ್ದರೆ ಇಪ್ಪತ್ತು ಕವರ್ ಕೈಗೆ ಸಿಗಬೇಕು. ಒಂದು ಕಡಿಮೆಯಾದರೂ ಹುಡುಕಿ ಅಗೆಯಿರಿ.

7. ಊರೆಗೋಲು, ಪಾತಿ, ಮುಚ್ಚಿಗೆ

ಬಿದಿರಿನ ಊರೆಗೋಲನ್ನು ಬೇರಿನ ಮುದ್ದೆಗೆ ತಾಗದಂತೆ ನೆಟ್ಟು, ತೆಂಗಿನ ನಾರಿನ ಹಗ್ಗ ಅಥವಾ ಹಳೆಯ ಹತ್ತಿ ಬಟ್ಟೆಯಿಂದ ಸಡಿಲವಾಗಿ ಕಟ್ಟಿ. ನೈಲಾನ್ ದಾರ, ತಂತಿ ಕಾಂಡವನ್ನು ಕೊಯ್ಯುತ್ತವೆ. ವರ್ಷದೊಳಗೆ ಕಟ್ಟು ಬಿಚ್ಚಿ. ಸುತ್ತ ಮೂರಡಿ ಅಗಲದ ಪಾತಿ ಮಾಡಿ, ನಾಲ್ಕು ಇಂಚು ತರಗೆಲೆ ಹೊದಿಸಿ, ಕಾಂಡದ ಸುತ್ತ ಒಂದು ಗೇಣು ಜಾಗ ಬಿಡಿ. ಟ್ರೀಗಾರ್ಡ್ ಹಾಕಿದರೆ ಕೊಂಬೆಗೆ ಒತ್ತುವ ಮೊದಲೇ ತೆಗೆಯುವ ಹೊಣೆಯನ್ನೂ ಒಬ್ಬರಿಗೆ ವಹಿಸಿ.

8. ಎರಡು ಬೇಸಿಗೆಯ ನೀರು

ಡಿಸೆಂಬರ್‌ನಿಂದ ಮೇವರೆಗೆ ವಾರಕ್ಕೆರಡು ಸಲ ಗಿಡಕ್ಕೊಂದು ದೊಡ್ಡ ಬಕೆಟ್, ಅಂದರೆ ಸುಮಾರು 15 ಲೀಟರ್. ಇಪ್ಪತ್ತು ಗಿಡಕ್ಕೆ ವಾರಕ್ಕೆ 600 ಲೀಟರ್ ಆಯಿತು. ಆ ನೀರು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಉತ್ತರ ಸಿಗುವವರೆಗೆ ಸಸಿ ತರಬೇಡಿ. 2024ರ ಮಾರ್ಚ್‌ನ ಬರದಲ್ಲಿ ಜಲಮಂಡಳಿ ತೋಟಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ನಿಗದಿ ಮಾಡಿತ್ತು. ಹತ್ತಿರದ ಅಪಾರ್ಟ್‌ಮೆಂಟಿನ ಸಂಸ್ಕರಿಸಿದ ನೀರು ಸಿಗುವುದೇ ಎಂದು ಈಗಲೇ ಕೇಳಿಡಿ. ಎರಡನೆಯ ಬೇಸಿಗೆಗೆ ವಾರಕ್ಕೊಮ್ಮೆ ಸಾಕು. ನೆಟ್ಟ ಗಿಡವನ್ನು ಉಳಿಸುವುದು ಈ ಶ್ರಮವೇ. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯ ಆಲದ ಮರಗಳು ಉಳಿದದ್ದು ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಬಿಂದಿಗೆಯಲ್ಲಿ ನೀರು ಹೊತ್ತು, ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿದ್ದರಿಂದ.

9. ಸ್ವಯಂಸೇವಕರಿಗೆ

- ಗಿಡಕ್ಕೊಂದು ಸಂಖ್ಯೆ, ಸಂಖ್ಯೆಗೊಂದು ಮನೆ. ಊರಿಗೆ ಹೋಗುವವರು ಬದಲಿ ಮನೆಯ ಹೆಸರು ಬರೆದು ಹೋಗಲಿ.
- ತರಗೆಲೆ ಸುಡಬೇಡಿ. ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸಾರ್ವಜನಿಕ ಜಾಗದಲ್ಲಿ ಕಸ ಸುಡುವುದನ್ನು ನಿಷೇಧಿಸಿವೆ.
- ಬೆಳೆದ ಮರದ ಕೊಂಬೆಗೆ ನೀವಾಗಿ ಮಚ್ಚು ಹಾಕಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು.
- ಮಾಲಿಯ ಕೆಲಸಕ್ಕೆ ಕೈಜೋಡಿಸಿ, ಅವರ ಮೇಲೆ ಅಧಿಕಾರ ಚಲಾಯಿಸಬೇಡಿ.

ಮುಂದಿನ ಜೂನ್‌ನಲ್ಲಿ ಹೊಸ ಸಸಿ ತರುವ ಮುನ್ನ ಕಳೆದ ವರ್ಷ ನೆಟ್ಟವನ್ನು ಎಣಿಸಿ. ಹತ್ತರಲ್ಲಿ ಎಂಟಾದರೂ ಚಿಗುರಿದ್ದರೆ ಮಾತ್ರ ಹೊಸದಾಗಿ ಗುಂಡಿ ತೋಡಿ. ಇಲ್ಲದಿದ್ದರೆ ಆ ವರ್ಷ ನೆಡುವುದು ಬೇಡ. ಆ ಹಣ, ಆ ಜನ, ಆ ನೀರನ್ನು ಉಳಿದಿರುವ ಗಿಡಗಳಿಗೆ ಕೊಡಿ.