ಎಣ್ಣೆಯ ಪೊರೆ: ಎಂಜಿನ್ನಿನ ಬೇರಿಂಗು ಸವೆಯುವದೇಕೆ, ಸರಿಪಡಿಸುವದು ಹೇಗೆ?

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ದೂರದ ಊರಿಗೆ ಹೊರಟವನ ಪಾಡು ಏನಾಗುವದೆಂಬದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಗಾಡಿಗೆ ಬದಲಾಗಿ ಮೋಟಾರು ಬಂದಿತು. ಎತ್ತಿಗೆ ಬದಲಾಗಿ ಎಂಜಿನ್ನು ಬಂದಿತು. ಆದರೆ ಲೋಹವು ಲೋಹವನ್ನು ಮುಟ್ಟಿ ತಿರುಗಬಾರದೆಂಬ ಹಳೆಯ ನಿಯಮವು ಮಾತ್ರ ಬದಲಾಗಲಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಈಗ ಅನೇಕರು ಸ್ವತಃ ಕಾರು ನಡಿಸುವವರು. ಕೆಲವರು ಯಂತ್ರಶಾಸ್ತ್ರವನ್ನು ಕಲಿತವರು. ಪೋಷಕರಲ್ಲಿಯೂ ವೇಗದ ಕಾರುಗಳ ಮೇಲೆ ಆಸೆಯುಳ್ಳ ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡವರು ಇಲ್ಲದಿಲ್ಲ. ಆದದರಿಂದ ಶಕ್ತಿ ಹೆಚ್ಚಿಸಿದ ಕಾರಿನ ಎಂಜಿನ್ನಿನಲ್ಲಿ ಬೇರಿಂಗು ಸವೆಯುವ ವಿಷಯವನ್ನು ಈ ಸಂಚಿಕೆಗೆ ಪಾಠವಾಗಿ ಆರಿಸಿಕೊಂಡಿದ್ದೇವೆ. ದೃಷ್ಟಾಂತಕ್ಕಾಗಿ ಒಂದೇ ಎಂಜಿನ್ನನ್ನು ತೆಗೆದುಕೊಳ್ಳುವೆವು. ಅದು ಜರ್ಮನಿ ದೇಶದ ಬಿ.ಎಂ.ಡಬ್ಲ್ಯು. ಸಂಸ್ಥೆಯು 2007ರಿಂದ 2013ರ ವರೆಗೆ ತನ್ನ ಎಂ3 ಎಂಬ ಕಾರಿನಲ್ಲಿ ಇಟ್ಟ ಎಸ್65 ಎಂಬ ಎಂಟು ಸಿಲಿಂಡರುಗಳ ಎಂಜಿನ್ನು.

1. ಬೇರಿಂಗು ಎಂದರೇನು?

ಎಂಜಿನ್ನಿನೊಳಗೆ ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಓಡುತ್ತದೆ. ಆ ಓಟವನ್ನು ಕನೆಕ್ಟಿಂಗ್ ರಾಡು ಎಂಬ ತೋಳು ಕ್ರ್ಯಾಂಕ್ ಶಾಫ್ಟು ಎಂಬ ದಂಡಕ್ಕೆ ಮುಟ್ಟಿಸಿ ತಿರುಗುವ ಚಲನೆಯನ್ನಾಗಿ ಮಾಡುತ್ತದೆ. ರಾಡಿನ ದೊಡ್ಡ ಕಣ್ಣು ದಂಡದ ನುಣುಪಾದ ಕತ್ತನ್ನು ಅಪ್ಪಿಕೊಂಡಿರುವ ಸ್ಥಳದಲ್ಲಿ, ಇವೆರಡರ ನಡುವೆ ಎರಡು ಅರ್ಧಚಂದ್ರಾಕಾರದ ತೆಳುವಾದ ಚಿಪ್ಪುಗಳನ್ನು ಇಟ್ಟಿರುತ್ತಾರೆ. ಇವೇ ರಾಡಿನ ಬೇರಿಂಗುಗಳು. ಸೈಕಲ್ಲಿನ ಚಕ್ರದಲ್ಲಿರುವಂತೆ ಗುಂಡುಗಳು ಇಲ್ಲಿ ಇಲ್ಲ. ಉಕ್ಕಿನ ಬೆನ್ನು, ಅದರ ಮೇಲೆ ತಾಮ್ರವೂ ಸೀಸವೂ ಬೆರೆತ ಪದರ, ಅದರ ಮೇಲೆ ಕೂದಲಿಗಿಂತಲೂ ತೆಳುವಾದ ಮೆತ್ತನೆಯ ಲೇಪ, ಇಷ್ಟೇ ಒಂದು ಸಾಮಾನ್ಯ ಚಿಪ್ಪಿನ ರಚನೆ.

ಇಷ್ಟು ಮೆತ್ತನೆಯ ಲೋಹವು ಅಷ್ಟು ಭಾರವನ್ನು ಹೇಗೆ ಹೊರುವದು ಎಂದು ಕೇಳಬಹುದು. ಹೊರುವದು ಲೋಹವಲ್ಲ, ಎಣ್ಣೆ. 1883ರಲ್ಲಿ ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಎಂಜಿನಿಯರನು ರೈಲುಗಾಡಿಯ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದಾಗ, ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರವನ್ನು ಕೊರೆದನು. ಅಚ್ಚು ತಿರುಗಲು ಎಣ್ಣೆಯು ಆ ರಂಧ್ರದಿಂದ ಮೇಲಕ್ಕೆ ಉಕ್ಕಿತು. ಬಿರಡೆಯಿಂದ ಮುಚ್ಚಿದರೆ ಬಿರಡೆಯನ್ನು ತಳ್ಳಿತು; ಮರದ ಗೂಟವನ್ನು ಜಡಿದರೆ ಗೂಟವನ್ನೂ ತಳ್ಳಿತು. ತಿರುಗುವ ದಂಡವು ಎಣ್ಣೆಯನ್ನು ಇಕ್ಕಟ್ಟಾದ ಸಂದಿನೊಳಗೆ ಎಳೆದುಕೊಂಡು ಹೋಗಿ, ತನ್ನ ಭಾರವನ್ನು ಎತ್ತಿ ಹಿಡಿಯುವಷ್ಟು ಒತ್ತಡವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆಂದು ಇದರಿಂದ ತಿಳಿಯಬಂದಿತು. 1886ರಲ್ಲಿ ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಅಸ್ಬೋರ್ನ್ ರೆನಾಲ್ಡ್ಸನು ಇದಕ್ಕೆ ಗಣಿತದ ಆಧಾರವನ್ನು ಒದಗಿಸಿದನು. ಎಣ್ಣೆಯ ಪಂಪು ಎಣ್ಣೆಯನ್ನು ತಂದು ಕೊಡುವದು ಮಾತ್ರ. ಭಾರವನ್ನು ಹೊರುವ ಪೊರೆಯನ್ನು ದಂಡದ ತಿರುಗುವಿಕೆಯೇ ಕಟ್ಟುವದು.

ಈ ಪೊರೆಗೆ ಸ್ಥಳ ಬೇಕು. ಆದರೆ ಅತಿಯಾದ ಸ್ಥಳ ಬೇಡ. ದಂಡದ ಕತ್ತಿನ ವ್ಯಾಸದ ಸಾವಿರದಲ್ಲೊಂದು ಪಾಲು ಸಂದು ಇರಬೇಕೆಂಬದು ಎಂಜಿನ್ನು ಕಟ್ಟುವವರ ಹಳೆಯ ಲೆಕ್ಕ. ಎಸ್65ರ ಕತ್ತು ಸುಮಾರು 52 ಮಿಲಿಮೀಟರು; ಹಾಗಾದರೆ ಸಂದು 0.052 ಮಿಲಿಮೀಟರು, ಅಂದರೆ ಹೆಚ್ಚುಕಡಿಮೆ ತಲೆಗೂದಲೊಂದರ ದಪ್ಪ. ಭಾರವು ಬಿದ್ದ ಕ್ಷಣದಲ್ಲಿ ಪೊರೆಯು ಇದಕ್ಕಿಂತಲೂ ಬಹಳ ತೆಳುವಾಗಿ, ಮಿಲಿಮೀಟರಿನ ಕೆಲವೇ ಸಾವಿರದ ಪಾಲುಗಳಿಗೆ ಇಳಿಯುತ್ತದೆ. ಎಂಜಿನ್ನಿನ ಆಯುಷ್ಯವೆಲ್ಲ ಇಷ್ಟು ಎಣ್ಣೆಯ ಮೇಲೆ ನಿಂತಿದೆ.

2. ಮೂಗಿಗಿಂತ ಮೂಗುತಿ ಭಾರವಾದರೆ

ಈ ಎಂಜಿನ್ನು 4 ಲೀಟರಿನದು; ಮಿನಿಟಿಗೆ 8,300 ಸುತ್ತುಗಳಲ್ಲಿ ತನ್ನ ಪೂರ್ಣ ಶಕ್ತಿಯನ್ನು ಕೊಡುವದು. ಆಗ ಸೆಕೆಂಡಿಗೆ 138 ಸುತ್ತುಗಳಾದವು. ಕತ್ತಿನ ಮೇಲ್ಮೈಯು ಚಿಪ್ಪಿನೊಳಗೆ ತಾಸಿಗೆ ಸುಮಾರು 80 ಕಿಲೋಮೀಟರಿನ ವೇಗದಿಂದ ಜಾರುತ್ತಿರುತ್ತದೆ. ಪಿಸ್ಟನ್ನಿನ ಓಟದ ಉದ್ದ 75.2 ಮಿಲಿಮೀಟರು. ಲೆಕ್ಕ ಹಾಕಿದರೆ, ಮೇಲಿನ ತುದಿಯಲ್ಲಿ ಪಿಸ್ಟನ್ನನ್ನು ನಿಲ್ಲಿಸಿ ಹಿಂದಕ್ಕೆ ಎಳೆಯುವದಕ್ಕೆ ಭೂಮಿಯ ಆಕರ್ಷಣೆಯ 2,800 ಪಾಲಿಗಿಂತಲೂ ಹೆಚ್ಚಿನ ಎಳೆತ ಬೇಕಾಗುವದು. ಅರ್ಧ ಕಿಲೋ ತೂಕದ ವಸ್ತುವು ಆ ಕ್ಷಣದಲ್ಲಿ 1,400 ಕಿಲೋ ತೂಗಿದಂತೆ ಆಗುವದು!

ಕಾರಖಾನೆಯಿಂದ ಬಂದಾಗಲೇ ಇಷ್ಟು ದುಡಿಯುವ ಎಂಜಿನ್ನಿಗೆ ಕೆಲವರು ಹೊರಗಿನ ತಯಾರಕರ ಸೂಪರ್‌ಚಾರ್ಜರನ್ನು ಕೂಡಿಸಿ, ಹೆಚ್ಚು ಗಾಳಿಯನ್ನೂ ಹೆಚ್ಚು ಇಂಧನವನ್ನೂ ತುಂಬಿ, ಶಕ್ತಿಯನ್ನು ಏರಿಸುತ್ತಾರೆ. ಇದರಿಂದ ಬೇರಿಂಗಿಗೆ ಮೂರು ತೊಂದರೆಗಳು ಬರುವವು.

ಮೊದಲನೆಯದು, ಉರಿಯುವ ಅನಿಲದ ಒತ್ತಡವು ಹೆಚ್ಚಿ ರಾಡಿನ ಮೇಲಿನ ಚಿಪ್ಪಿನ ಮೇಲೆ ಬೀಳುವ ಭಾರವು ಏರುವದು. ಎಸ್65ರಲ್ಲಿ ಗಾಳಿಯನ್ನು ಮೊದಲೇ 12ಕ್ಕೆ 1ರಂತೆ ಅದುಮಲಾಗುತ್ತದೆ. ಅದರ ಮೇಲೆ ಇನ್ನಷ್ಟು ಗಾಳಿಯನ್ನು ತುಂಬಿ, ಪೆಟ್ರೋಲಿನ ಗುಣವನ್ನೂ ಕಿಡಿಯ ಸಮಯವನ್ನೂ ತಕ್ಕಂತೆ ಹೊಂದಿಸದಿದ್ದರೆ, ಡಿಟೋನೇಶನ್ ಎಂಬ ಅಕಾಲದ ಸ್ಫೋಟವಾಗುವದು. ಅದು ಒತ್ತುವ ಭಾರವಲ್ಲ, ಸುತ್ತಿಗೆಯ ಪೆಟ್ಟು. ಎರಡನೆಯದು, ಸುತ್ತುಗಳನ್ನು ಏರಿಸಿದರೆ ಎಳೆತವು ವರ್ಗದ ಪ್ರಮಾಣದಲ್ಲಿ ಏರುವದು. 8,300 ಸುತ್ತುಗಳನ್ನು 8,800 ಮಾಡಿದರೆ ಸುತ್ತುಗಳು ನೂರಕ್ಕೆ 6 ಹೆಚ್ಚಿದವು. ಎಳೆತವು ನೂರಕ್ಕೆ 12 ಹೆಚ್ಚಿತು. ಮೂರನೆಯದು, ಅತಿಯಾಗಿ ಸುರಿದ ಇಂಧನವು ಸಿಲಿಂಡರಿನ ಗೋಡೆಯಿಂದ ಕೆಳಗೆ ಇಳಿದು ಎಣ್ಣೆಯನ್ನು ತಿಳಿಯಾಗಿಸುವದು. ತಿಳಿಯಾದ ಎಣ್ಣೆಯ ಪೊರೆಯು ಬೇಗನೆ ಹರಿಯುವದು.

ಈ ಎಂಜಿನ್ನುಗಳಲ್ಲಿ ಏನನ್ನೂ ಮಾರ್ಪಡಿಸದೆ ಇದ್ದವುಗಳಲ್ಲಿಯೂ ರಾಡಿನ ಬೇರಿಂಗುಗಳು ಅಕಾಲದಲ್ಲಿ ಸವೆದದ್ದುಂಟು. ಕಾರಣದ ವಿಷಯದಲ್ಲಿ ಬಲ್ಲವರಲ್ಲಿಯೂ ಏಕಾಭಿಪ್ರಾಯವಿಲ್ಲ. ಇದಕ್ಕೆ ವಿಧಿಸಿದ 10ಡಬ್ಲ್ಯು-60 ಎಂಬ ದಪ್ಪ ಎಣ್ಣೆಗೆ ಸಂದು ಸಾಲದೆಂದು ಕೆಲವರು ವಾದಿಸುತ್ತಾರೆ. ಎಣ್ಣೆಯು ಕಾಯುವ ಮೊದಲೇ ಎಂಜಿನ್ನನ್ನು ದುಡಿಸಿದ್ದೇ ತಪ್ಪೆಂದು ಬೇರೆ ಕೆಲವರು ಹೇಳುತ್ತಾರೆ. ಹಾಗಿರುವಲ್ಲಿ, ಶಕ್ತಿಯನ್ನು ಏರಿಸುವ ಮೊದಲು ಬೇರಿಂಗಿನ ಸ್ಥಿತಿಯನ್ನು ಅರಿಯದಿರುವದು ಬಿರುಕು ಬಿಟ್ಟ ಗೋಡೆಯ ಮೇಲೆ ಮಹಡಿ ಕಟ್ಟಿದಂತೆಯೇ ಸರಿ.

3. ರೋಗದ ಲಕ್ಷಣಗಳು

ವೈದ್ಯನು ನಾಡಿಯನ್ನು ಹಿಡಿದ ಹೊರತು ಮದ್ದು ಕೊಡುವದಿಲ್ಲ. ಇಲ್ಲಿಯೂ ಪರೀಕ್ಷೆಗೆ ಕ್ರಮವುಂಟು.

ಎಣ್ಣೆಯ ಪರೀಕ್ಷೆ: ಎಣ್ಣೆ ಬದಲಿಸುವಾಗಲೆಲ್ಲ ಸ್ವಲ್ಪ ಹಳೆಯ ಎಣ್ಣೆಯನ್ನು ಪ್ರಯೋಗಶಾಲೆಗೆ ಕಳುಹಿಸಿದರೆ, ಅದರಲ್ಲಿ ಸೀಸ, ತಾಮ್ರ, ತವರ, ಕಬ್ಬಿಣಗಳು ಎಷ್ಟೆಷ್ಟು ಇವೆಯೆಂದು ತಿಳಿಸುವರು. ಒಂದು ಸಾರಿಯ ಅಂಕೆಗಿಂತ, ಸಾರಿಸಾರಿಗೂ ಅದು ಏರುತ್ತಿದೆಯೋ ಎಂಬದೇ ಮುಖ್ಯ. ಆದರೆ ಎರಡು ಮಾತುಗಳನ್ನು ನೆನಪಿನಲ್ಲಿಡಬೇಕು. ದೊಡ್ಡ ಚೂರುಗಳು ಈ ಪರೀಕ್ಷೆಯಲ್ಲಿ ಸರಿಯಾಗಿ ಲೆಕ್ಕಕ್ಕೆ ಬರುವದಿಲ್ಲ. ಎಸ್65ರಲ್ಲಿ ಮುಂದಿನ ವರ್ಷಗಳಲ್ಲಿ ಸೀಸವಿಲ್ಲದ ಚಿಪ್ಪುಗಳು ಬಂದದ್ದರಿಂದ, ಅಂಥ ಎಂಜಿನ್ನಿನಲ್ಲಿ ಸೀಸ ಕಾಣಲಿಲ್ಲವೆಂಬದು ಆರೋಗ್ಯದ ಗುರುತಲ್ಲ.

ಫಿಲ್ಟರಿನ ಪರೀಕ್ಷೆ: ಹಳೆಯ ಎಣ್ಣೆಯ ಫಿಲ್ಟರನ್ನು ಬಿಚ್ಚಿ, ಕಾಗದದ ಮಡಿಕೆಗಳನ್ನು ಬಿಸಿಲಿನಲ್ಲಿ ಹರಡಿ ನೋಡಬೇಕು. ಹೊಳೆಯುವ ಚೂರುಗಳು ಇದ್ದರೆ ಅಯಸ್ಕಾಂತವನ್ನು ಹಿಡಿಯಿರಿ. ಅಂಟಿಕೊಂಡರೆ ಉಕ್ಕು ಅಥವಾ ಕಬ್ಬಿಣ. ಅಂಟದೆ ಉಳಿದರೆ ಬೇರಿಂಗಿನ ಲೋಹವೆಂದು ಸಂದೇಹಪಡತಕ್ಕದ್ದು.

ಒತ್ತಡದ ಪರೀಕ್ಷೆ: ಎಂಜಿನ್ನು ಚೆನ್ನಾಗಿ ಕಾದ ಮೇಲೆ, ನಂಬಿಕೆಯ ಅಳತೆಯಂತ್ರವನ್ನು ಕೂಡಿಸಿ ಎಣ್ಣೆಯ ಒತ್ತಡವನ್ನು ಅಳೆದು ತಯಾರಕರ ಅಂಕೆಯೊಂದಿಗೆ ಹೋಲಿಸಬೇಕು. ಸಂದು ದೊಡ್ಡದಾದರೆ ಎಣ್ಣೆಯು ಸುಲಭವಾಗಿ ಸೋರಿಹೋಗಿ ಒತ್ತಡವು ಇಳಿಯುವದು.

ಸದ್ದಿನ ಪರೀಕ್ಷೆ: ಎಂಜಿನ್ನಿನ ಬುಡದಿಂದ ಕೇಳಿಬರುವ ಗಡುಸಾದ ಬಡಿತವು ಸುತ್ತುಗಳೊಡನೆ ತೀವ್ರವಾಗುತ್ತಿದ್ದರೆ ಅದು ರಾಡಿನ ಬೇರಿಂಗಿನದಾಗಿರಬಹುದು. ವಾಲ್ವುಗಳ ಟಿಕ್ ಟಿಕ್ ಸದ್ದು ಹಗುರವಾದದ್ದು. ಅದು ಮೇಲಿನಿಂದ ಬರುವದು. ಒಂದೊಂದೇ ಸಿಲಿಂಡರಿನ ಕೆಲಸವನ್ನು ನಿಲ್ಲಿಸಿ ನೋಡಿದಾಗ ಯಾವದನ್ನು ನಿಲ್ಲಿಸಿದರೆ ಬಡಿತವು ಕುಗ್ಗುವದೋ, ಆ ಸಿಲಿಂಡರಿನ ರಾಡೇ ಸಾಮಾನ್ಯವಾಗಿ ರೋಗಿ. ಆದರೆ ವಾಚಕರೇ, ಕಿವಿಗೆ ಕೇಳುವ ಬಡಿತವು ಕೊನೆಯ ಲಕ್ಷಣವೇ ಹೊರತು ಮೊದಲನೆಯದಲ್ಲ. ಅದು ಸ್ಪಷ್ಟವಾಗಿ ಕೇಳಿದೊಡನೆ ಎಂಜಿನ್ನನ್ನು ನಿಲ್ಲಿಸಿ, ಕಾರನ್ನು ಲಾರಿಯ ಮೇಲೆ ಸಾಗಿಸಬೇಕು. ಹೇಗಾದರೂ ಗ್ಯಾರೇಜಿನ ವರೆಗೆ ನಡಿಸಿಬಿಡೋಣವೆಂಬ ಧೈರ್ಯವು ಬೇಡ. ರಾಡು ಮುರಿದರೆ ಎಂಜಿನ್ನಿನ ಪಕ್ಕೆಯನ್ನೇ ಸೀಳಿಕೊಂಡು ಹೊರಬರಬಹುದು. ಚೆಲ್ಲಿದ ಎಣ್ಣೆಯು ಚಕ್ರದ ಕೆಳಗೆ ಬಿದ್ದರೆ ಕಾರು ಹಿಡಿತ ತಪ್ಪುವದು, ಕಾದ ಕೊಳವೆಯ ಮೇಲೆ ಬಿದ್ದರೆ ಬೆಂಕಿ ಹತ್ತುವದು. ಆಗ ನಷ್ಟವಾಗುವದು ಹಣವೊಂದೇ ಅಲ್ಲ.

4. ಚಿಪ್ಪನ್ನು ಓದುವದು

ಸಂದೇಹವು ಬಲವಾದರೆ ತೆರೆದು ನೋಡದೆ ಗತಿಯಿಲ್ಲ. ಎಸ್65ರಲ್ಲಿ ಎಂಜಿನ್ನನ್ನು ಹೊರಗೆ ತೆಗೆಯದೆ, ಮೇಲಿನಿಂದ ಅದಕ್ಕೆ ಆಧಾರ ಕೊಟ್ಟು, ಕೆಳಗಿನ ಅಡ್ಡಚೌಕಟ್ಟನ್ನು ಇಳಿಸಿ, ಸಂಪು ಎಂಬ ತಳದ ಎಣ್ಣೆಪಾತ್ರೆಯನ್ನು ಬಿಚ್ಚಿ ರಾಡುಗಳನ್ನು ಮುಟ್ಟಬಹುದು. ಎಂಟು ರಾಡುಗಳಿಗೆ ಹದಿನಾರು ಚಿಪ್ಪುಗಳು. ಒಂದೊಂದೇ ರಾಡಿನ ಮುಚ್ಚಳವನ್ನು ತೆಗೆದು, ಚಿಪ್ಪಿನ ಬೆನ್ನಿಗೆ ಸಿಲಿಂಡರಿನ ಸಂಖ್ಯೆಯನ್ನೂ ಮೇಲಿನದೋ ಕೆಳಗಿನದೋ ಎಂಬದನ್ನೂ ಬರೆದು ಸಾಲಾಗಿ ಇಡಬೇಕು. ಸಾಲು ಕೆಟ್ಟರೆ ಸಾಕ್ಷಿಯೂ ಕೆಟ್ಟಿತು.

ಸವೆದ ಚಿಪ್ಪು ಬರೆದಿಟ್ಟ ಪತ್ರವಿದ್ದಂತೆ. ಓದಬಲ್ಲವರಿಗೆ ಕಾರಣವನ್ನು ಹೇಳುವದು. ಬೂದುಬಣ್ಣದ ಲೇಪವು ಹೋಗಿ ಕೆಳಗಿನ ತಾಮ್ರದ ಕೆಂಪು ಕಂಡರೆ ಲೋಹವು ಲೋಹವನ್ನು ಮುಟ್ಟಿದೆ. ಸುತ್ತಲೂ ಗೀರುಗಳಿದ್ದರೆ ಎಣ್ಣೆಯಲ್ಲಿ ಕಸವಿತ್ತು. ಮೇಲಿನ ಚಿಪ್ಪುಗಳೇ ಜಜ್ಜಿದಂತಾಗಿದ್ದರೆ ಡಿಟೋನೇಶನ್ನನ್ನು ಸಂದೇಹಿಸಬೇಕು. ಒಂದು ಅಂಚು ಮಾತ್ರ ಸವೆದಿದ್ದರೆ ರಾಡು ಬಾಗಿರಬಹುದು, ಇಲ್ಲವೆ ದಂಡದ ಕತ್ತು ಒಂದು ಕಡೆಗೆ ಕಿರಿದಾಗಿರಬಹುದು. ಕಪ್ಪಾಗಿ ಸುಟ್ಟಿದ್ದರೆ ಎಣ್ಣೆಯು ಅಲ್ಲಿಗೆ ತಲಪಲೇ ಇಲ್ಲ. ಲೇಪವು ಸಿಡಿದು ಚಕ್ಕೆಯೆದ್ದಿದ್ದರೆ ಭಾರದಿಂದ ಲೋಹವು ದಣಿದಿದೆ.

ಬಳಿಕ ಅಳತೆ. ದಂಡದ ಪ್ರತಿಯೊಂದು ಕತ್ತನ್ನೂ ಮೈಕ್ರೊಮೀಟರಿನಿಂದ ಎರಡು ದಿಕ್ಕುಗಳಲ್ಲಿಯೂ ಎರಡು ಸ್ಥಳಗಳಲ್ಲಿಯೂ ಅಳೆಯಬೇಕು. ಹೀಗೆ ಮಾಡಿದರೆ ಮಾತ್ರ ಅದು ದುಂಡಗಿದೆಯೋ ಇಲ್ಲವೋ ತಿಳಿಯುವದು. ಸಂದನ್ನು ಪ್ಲಾಸ್ಟಿಗೇಜ್ ಎಂಬ ಮೇಣದಂಥ ಎಳೆಯಿಂದಲೂ ನೋಡಬಹುದು. ಎಳೆಯನ್ನು ಕತ್ತಿನ ಮೇಲಿಟ್ಟು, ಮುಚ್ಚಳವನ್ನು ಪೂರ್ಣವಾಗಿ ಬಿಗಿದು, ದಂಡವನ್ನು ತಿರುಗಿಸದೆ ಬಿಚ್ಚಿದರೆ, ಎಳೆಯು ಎಷ್ಟು ಅಗಲವಾಗಿ ಚಪ್ಪಟೆಯಾಗಿದೆಯೋ ಅದರಿಂದ ಸಂದು ತಿಳಿಯುವದು. ಅಗಲವಾದಷ್ಟೂ ಸಂದು ಕಿರಿದು.

5. ಚಿಕಿತ್ಸೆ

ಕತ್ತು ನುಣುಪಾಗಿಯೂ ಅಳತೆಗೆ ಸರಿಯಾಗಿಯೂ ಇದ್ದರೆ ಹೊಸ ಚಿಪ್ಪುಗಳನ್ನು ಹಾಕಿದರೆ ಸಾಕು. ಚಿಪ್ಪಿನ ಬೆನ್ನೂ ರಾಡಿನ ಕಣ್ಣೂ ಎಣ್ಣೆಯಿಲ್ಲದೆ ಒಣಗಿರಬೇಕು. ಕತ್ತನ್ನು ಮುಟ್ಟುವ ಮುಖಕ್ಕೆ ಮಾತ್ರ ಜೋಡಣೆಯ ಎಣ್ಣೆಯನ್ನು ಸವರಬೇಕು. ಎಸ್65ರ ರಾಡಿನ ಕಣ್ಣನ್ನು ಒಂದೇ ತುಂಡಾಗಿ ಮಾಡಿ ಬಳಿಕ ಸೀಳಿರುವದರಿಂದ, ಪ್ರತಿ ಮುಚ್ಚಳವೂ ತನ್ನ ರಾಡಿಗೆ ಮಾತ್ರ ಹೊಂದುವದು. ಅದಲುಬದಲಾಗಬಾರದು, ಅರದಿಂದ ಉಜ್ಜಲೂ ಬಾರದು. ಒಮ್ಮೆ ಪೂರ್ಣವಾಗಿ ಬಿಗಿದ ಬೋಲ್ಟು ಎಳೆದು ಉದ್ದವಾಗಿರುವದರಿಂದ, ಅಳತೆಗೆ ಹಳೆಯ ಬೋಲ್ಟುಗಳನ್ನೂ ಕೊನೆಯ ಜೋಡಣೆಗೆ ಹೊಸ ಹದಿನಾರನ್ನೂ ಉಪಯೋಗಿಸಿ, ತಯಾರಕರು ಹೇಳಿದ ಕ್ರಮದಲ್ಲಿಯೇ ಬಿಗಿಯಬೇಕು.

ಉಗುರಿಗೆ ಸಿಕ್ಕುವಂಥ ಗೀರು ಕತ್ತಿನಲ್ಲಿದ್ದರೆ, ಅಥವಾ ಚಿಪ್ಪು ರಾಡಿನೊಳಗೇ ತಿರುಗಿಬಿಟ್ಟಿದ್ದರೆ, ಕೆಳಗಿನಿಂದ ಮಾಡುವ ಕೆಲಸವು ಸಾಲದು. ಎಂಜಿನ್ನನ್ನು ಪೂರ್ತಿಯಾಗಿ ಬಿಚ್ಚಿ, ದಂಡವನ್ನು ಅರೆಯಿಸಿ ತಕ್ಕ ದಪ್ಪನೆಯ ಚಿಪ್ಪು ಹಾಕಬೇಕು, ಇಲ್ಲವೆ ದಂಡವನ್ನೇ ಬದಲಿಸಬೇಕು. ಕೆಟ್ಟ ರಾಡನ್ನೂ ಹಾಗೆಯೇ. ಲೋಹದ ಚೂರುಗಳು ಎಣ್ಣೆಯ ದಾರಿಗಳಲ್ಲಿಯೂ ಎಣ್ಣೆಯನ್ನು ತಂಪು ಮಾಡುವ ಕೂಲರಿನಲ್ಲಿಯೂ ಅಡಗಿ ಕುಳಿತಿರುತ್ತವೆ. ದಾರಿಗಳನ್ನು ತೊಳೆದು, ಕೂಲರನ್ನು ಹೊಸದಾಗಿ ಹಾಕದಿದ್ದರೆ, ಆ ಚೂರುಗಳೇ ಹೊಸ ಬೇರಿಂಗಿನ ಮೊದಲ ಶತ್ರುಗಳಾಗುವವು. ಎಂಜಿನ್ನನ್ನು ಹೊತ್ತಿಸುವ ಮೊದಲು ಕಿಡಿಯಿಲ್ಲದೆ ತಿರುಗಿಸಿ ಎಣ್ಣೆಯ ಒತ್ತಡವನ್ನು ತರತಕ್ಕದ್ದು. ಸ್ವಲ್ಪ ದೂರ ಓಡಿದೊಡನೆ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸಿ ಪುನಃ ನೋಡತಕ್ಕದ್ದು.

6. ಕಾರಣವನ್ನು ಬಿಟ್ಟು ಕಾರ್ಯವಿಲ್ಲ

ಇಲ್ಲಿಯ ವರೆಗೆ ಹೇಳಿದ್ದೆಲ್ಲ ಕೈಕೆಲಸ. ಇದಕ್ಕಿಂತ ಹೆಚ್ಚಿನದು ಕಾರಣವನ್ನು ಹುಡುಕುವದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಡಿಟೋನೇಶನ್ನಿನಿಂದ ಚಿಪ್ಪು ಜಜ್ಜಿದ್ದರೆ ಹೊಸ ಚಿಪ್ಪು ಮದ್ದಲ್ಲ. ಕಿಡಿಯ ಸಮಯವನ್ನೂ ಇಂಧನವನ್ನೂ ತಿದ್ದುವದೇ ಮದ್ದು. ತಿರುವುಗಳಲ್ಲಿ ಎಣ್ಣೆಯು ಒಂದು ಕಡೆಗೆ ಸರಿದು ಪಂಪು ಗಾಳಿಯನ್ನು ಕುಡಿದಿದ್ದರೆ, ಎಣ್ಣೆಯ ಮಟ್ಟವನ್ನೂ ಸಂಪನ್ನೂ ನೋಡುವದೇ ಮದ್ದು. ಎಣ್ಣೆ ಕಾಯುವ ಮೊದಲೇ ದುಡಿಸಿದ್ದು ಕಾರಣವಾದರೆ, ತಾಳ್ಮೆಯೇ ಮದ್ದು. ಈ ಎಂ3 ಕಾರಿನಲ್ಲಿ ಎಣ್ಣೆಯು ತಣ್ಣಗಿರುವಾಗ ಎಷ್ಟು ಸುತ್ತುಗಳನ್ನು ಮೀರಬಾರದೆಂಬದನ್ನು ಸುತ್ತಿನ ಗಡಿಯಾರದ ಮೇಲಿನ ದೀಪಗಳೇ ತೋರಿಸುತ್ತವೆ. ನೋಡುವ ಕಣ್ಣು ಮಾತ್ರ ಬೇಕು.

ಕಾರನ್ನು ಗ್ಯಾರೇಜಿಗೆ ಕೊಟ್ಟವರು ಮೂರು ವಸ್ತುಗಳನ್ನು ಕೇಳಿ ಪಡೆಯತಕ್ಕದ್ದು: ಸಂಖ್ಯೆ ಬರೆದ ಹಳೆಯ ಚಿಪ್ಪುಗಳು, ಕತ್ತುಗಳ ಮತ್ತು ಸಂದುಗಳ ಅಳತೆಯ ಪಟ್ಟಿ, ಬೇರಿಂಗು ಏಕೆ ಸವೆಯಿತೆಂಬದಕ್ಕೆ ಒಂದು ವಾಕ್ಯದ ಉತ್ತರ. ಮೂರನೆಯದು ದೊರೆಯದಿದ್ದರೆ ಕೆಲಸವು ಅರ್ಧವೇ ಆಗಿದೆಯೆಂದು ತಿಳಿಯಿರಿ. ವೇಗದ ಆಸೆಯುಳ್ಳ ಮಕ್ಕಳಿಗೂ ಇದನ್ನೇ ಹೇಳಿರಿ: ಮೊದಲು ಅಳೆಯಿರಿ, ಬಳಿಕ ಬಲಪಡಿಸಿರಿ, ಕೊನೆಗೆ ಶಕ್ತಿಯನ್ನು ಏರಿಸಿರಿ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಬೇರಿಂಗಿನಲ್ಲಿ ಭಾರವನ್ನು ಹೊರುವದು ಯಾವದು? ಟವರನ ಪ್ರಯೋಗದಿಂದ ಇದನ್ನು ವಿವರಿಸಿರಿ.
2. ಕತ್ತಿನ ವ್ಯಾಸವು 48 ಮಿಲಿಮೀಟರು ಇದ್ದರೆ, ಹಳೆಯ ಲೆಕ್ಕದ ಪ್ರಕಾರ ಸಂದು ಎಷ್ಟಿರಬೇಕು?
3. ಮೇಲಿನ ಚಿಪ್ಪುಗಳು ಮಾತ್ರ ಜಜ್ಜಿರುವ ಎಂಜಿನ್ನಿಗೆ ಹೊಸ ಚಿಪ್ಪುಗಳನ್ನಷ್ಟೇ ಹಾಕಿ ಕಳುಹಿಸಿದರೆ ಮುಂದೆ ಏನಾಗುವದು? ಏಕೆ?

— ಮುಖ್ಯೋಪಾಧ್ಯಾಯಿನಿ