ಎಚ್‌ಐವಿ ಹತೋಟಿಗೆ ಬಂದ ಮೇಲೆ: ಸಕ್ಕರೆ, ಕೊಬ್ಬು, ಹೊಟ್ಟೆಯ ಸುತ್ತಳತೆ

ಪ್ರಶ್ನೆ: ಎಚ್‌ಐವಿ ಸೋಂಕಿಗೂ ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್‌ಗಳಿಗೂ ಏನು ಸಂಬಂಧ?

ಎಚ್‌ಐವಿ ದೇಹವನ್ನು ಹೊಕ್ಕ ಮೊದಲ ವಾರಗಳಲ್ಲೇ ಕರುಳಿನ ಒಳಪದರದಲ್ಲಿರುವ ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು ದೊಡ್ಡ ಪ್ರಮಾಣದಲ್ಲಿ ನಾಶ ಮಾಡುತ್ತದೆ. ಆ ಕಾವಲು ಸಡಿಲವಾದಾಗ ಕರುಳಿನ ಬ್ಯಾಕ್ಟೀರಿಯಾಗಳ ಚೂರುಗಳು ರಕ್ತಕ್ಕೆ ಸೋರುತ್ತವೆ, ದೇಹ ಅವುಗಳ ವಿರುದ್ಧ ಸದಾ ಸೆಣಸುತ್ತಲೇ ಇರಬೇಕಾಗುತ್ತದೆ. ಇದರಿಂದ ಹುಟ್ಟುವ ಸಣ್ಣ ಪ್ರಮಾಣದ ಉರಿಯೂತ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಗಳಿಂದ ಬಹಳಷ್ಟು ತಗ್ಗಿದರೂ ಪೂರ್ತಿ ಅಡಗುವುದಿಲ್ಲ. ಸ್ನಾಯು ಮತ್ತು ಪಿತ್ತಜನಕಾಂಗ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದು, ಟ್ರೈಗ್ಲಿಸರೈಡ್ ಏರುವುದು, ಒಳ್ಳೆಯ ಕೊಲೆಸ್ಟ್ರಾಲ್ ಎನಿಸಿದ ಎಚ್‌ಡಿಎಲ್ ಇಳಿಯುವುದು, ರಕ್ತನಾಳಗಳ ಗೋಡೆ ಕೆಡುವುದು ಇವೆಲ್ಲದರಲ್ಲೂ ಆ ಉರಿಯೂತದ ಪಾಲಿದೆ.

ಎರಡನೆಯ ಕಾರಣ ಕೆಲವು ಔಷಧಗಳು. ಮೂರನೆಯದು ವಯಸ್ಸು. ಭಾರತದಲ್ಲಿ 2004ರ ಏಪ್ರಿಲ್ 1ರಂದು ಉಚಿತ ಎಆರ್‌ಟಿ ಆರಂಭವಾದಾಗ ಮೂವತ್ತರ ಆಸುಪಾಸಿನಲ್ಲಿದ್ದವರು ಈಗ ಐವತ್ತು ದಾಟಿದ್ದಾರೆ. ಆ ವಯಸ್ಸಿಗೆ ಯಾರಿಗೂ ಬರಬಹುದಾದ ಸಕ್ಕರೆ ಕಾಯಿಲೆ, ಬಿಪಿ ಇವರಿಗೂ ಬರುತ್ತವೆ, ಕೆಲವರಿಗೆ ತುಸು ಬೇಗನೆ. ಚಿಕಿತ್ಸೆ ಫಲ ಕೊಟ್ಟಿದ್ದರಿಂದಲೇ ಎದುರಾದ ಸಮಸ್ಯೆ ಇದು. ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ವರದಿ ಚೆನ್ನಾಗಿ ಬಂದಿತೆಂದು ಉಳಿದದ್ದನ್ನು ಮರೆತರೆ, ಎಚ್‌ಐವಿಯನ್ನು ಗೆದ್ದ ಜೀವ ಹೃದಯಾಘಾತಕ್ಕೆ ಬಲಿಯಾಗಬಹುದು.

ಪ್ರಶ್ನೆ: ಬಹಳ ವರ್ಷಗಳಿಂದ ಮಾತ್ರೆ ನುಂಗುತ್ತಿರುವ ಕೆಲವರ ಕೆನ್ನೆ ಗುಳಿಬಿದ್ದು, ಹೊಟ್ಟೆ ಮಾತ್ರ ಮುಂದೆ ಬಂದಿರುವುದೇಕೆ?

ಅದು ಹಳೆಯ ಔಷಧವೊಂದು ಉಳಿಸಿಹೋದ ಗುರುತು. ಉಚಿತ ಚಿಕಿತ್ಸೆಯ ಆರಂಭದ ವರ್ಷಗಳಲ್ಲಿ ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಪಿನ್ ಮೂರನ್ನು ಸೇರಿಸಿ ಕೊಡಲಾಗುತ್ತಿತ್ತು. ಸಾವಿನಂಚಿಗೆ ಹೋಗಿದ್ದ ಎಷ್ಟೋ ಮಂದಿಯನ್ನು ಉಳಿಸಿದ್ದು ಅದೇ ಚಿಕಿತ್ಸೆ. ಆದರೆ ಸ್ಟಾವುಡಿನ್, ಅದರಷ್ಟಲ್ಲದಿದ್ದರೂ ಜಿಡೊವುಡಿನ್, ಕೊಬ್ಬಿನ ಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳನ್ನು ಹಾಳುಮಾಡುತ್ತಿತ್ತು. ಕೆನ್ನೆ, ಪೃಷ್ಠ, ತೋಳು, ಕಾಲುಗಳ ಚರ್ಮದಡಿಯ ಕೊಬ್ಬು ಕರಗಿ ರಕ್ತನಾಳಗಳು ಎದ್ದು ಕಾಣುತ್ತಿದ್ದವು. ಕೊಬ್ಬನ್ನು ಸುರಕ್ಷಿತವಾಗಿ ಕೂಡಿಡುವ ಜಾಗವೇ ಹೋದ ಮೇಲೆ ಅದು ಹೊಟ್ಟೆಯೊಳಗೆ, ಪಿತ್ತಜನಕಾಂಗದಲ್ಲಿ, ಕೆಲವರಿಗೆ ಕತ್ತಿನ ಹಿಂಭಾಗದಲ್ಲಿ ಸೇರತೊಡಗುತ್ತದೆ. ಇನ್ಸುಲಿನ್ ಕೆಲಸ ಕೆಡುವುದಕ್ಕೆ ಇದೂ ಒಂದು ಕಾರಣ.

2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಟಾವುಡಿನ್ ಅನ್ನು ಹಂತಹಂತವಾಗಿ ಕೈಬಿಡಲು ಹೇಳಿತು, ಭಾರತವೂ ಕೈಬಿಟ್ಟಿತು. ಔಷಧ ಬದಲಾದ ಮೇಲೆ ಕಳೆದುಹೋದ ಕೊಬ್ಬು ಬಹಳ ನಿಧಾನವಾಗಿ, ಅದೂ ಅರೆಬರೆಯಾಗಿ ಮರಳುತ್ತದೆ. ಮುಖ ನೋಡಿಯೇ ಕಾಯಿಲೆ ಊಹಿಸುವವರ ನಡುವೆ ಬದುಕಿದವರಿಗೆ ಇದು ಬರೀ ಅಂದಚೆಂದದ ಪ್ರಶ್ನೆಯಾಗಿರಲಿಲ್ಲ.

ಪ್ರಶ್ನೆ: ಈಗ ಕೊಡುವ ಟಿಎಲ್‌ಡಿ ಮಾತ್ರೆಯಿಂದ ತೂಕ ಏರುತ್ತದೆಯೇ?

ಟಿಎಲ್‌ಡಿಯ ಒಂದೇ ಮಾತ್ರೆಯಲ್ಲಿ ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಇರುತ್ತದೆ. ವೈರಸ್ಸನ್ನು ಬೇಗ ಹತ್ತಿಕ್ಕುತ್ತದೆ, ಕೊಲೆಸ್ಟ್ರಾಲ್ ಅಷ್ಟಾಗಿ ಕೆಡಿಸುವುದಿಲ್ಲ. ತೂಕವನ್ನು ಮಾತ್ರ ಏರಿಸಬಲ್ಲದು. ಚಿಕಿತ್ಸೆ ಆರಂಭಿಸಿದವರಲ್ಲಿ ಮೊದಮೊದಲು ಏರುವ ತೂಕದ ಒಂದು ಪಾಲು ಕಾಯಿಲೆ ತಿಂದುಹಾಕಿದ್ದನ್ನು ದೇಹ ಮರಳಿ ಪಡೆಯುವುದೇ ಆಗಿದೆ, ಅದು ಬೇಕಾದದ್ದು. ಹಿಂದಿನ ಎಫಾವಿರೆಂಜ್ ತೂಕ ಏರದಂತೆ ತಡೆಯುತ್ತಿದ್ದುದರಿಂದ ಅದನ್ನು ಬಿಟ್ಟು ಟಿಎಲ್‌ಡಿಗೆ ಬಂದವರಲ್ಲೂ ಏರಿಕೆ ಕಾಣುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಡ್ವಾನ್ಸ್ ಅಧ್ಯಯನದಲ್ಲಿ ಡೊಲುಟೆಗ್ರಾವಿರ್ ಪಡೆದವರ ತೂಕ ಎಫಾವಿರೆಂಜ್ ಪಡೆದವರಿಗಿಂತ ಹೆಚ್ಚು ಏರಿತು, ಮಹಿಳೆಯರಲ್ಲಿ ಇನ್ನೂ ಹೆಚ್ಚು.

ತಕ್ಕಡಿಗಿಂತ ಅಳತೆಪಟ್ಟಿ ಹೆಚ್ಚು ಹೇಳುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ತುದಿಗೂ ನಡುವೆ, ಬಟ್ಟೆ ಸರಿಸಿ, ಉಸಿರು ಹೊರಬಿಟ್ಟ ಮೇಲೆ, ಪಟ್ಟಿಯನ್ನು ಬಿಗಿಯದೆ ಸಮನಾಗಿ ಸುತ್ತಿ ಅಳೆಯಬೇಕು. ದಕ್ಷಿಣ ಏಷ್ಯಾದ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮುಟ್ಟಿದರೆ ಎಚ್ಚರ ವಹಿಸಬೇಕು. ಇದರ ಜೊತೆಗೆ ಟ್ರೈಗ್ಲಿಸರೈಡ್ 150 ದಾಟಿದ್ದು, ಎಚ್‌ಡಿಎಲ್ ಗಂಡಸರಲ್ಲಿ 40, ಹೆಂಗಸರಲ್ಲಿ 50ಕ್ಕಿಂತ ಕೆಳಗಿಳಿದು, ಬಿಪಿ 130/85 ಅಥವಾ ಖಾಲಿ ಹೊಟ್ಟೆಯ ಸಕ್ಕರೆ 100 ಮುಟ್ಟಿದ್ದರೆ ಒಂದಕ್ಕೊಂದು ಸೇರಿ ಹೃದಯದ ಅಪಾಯ ಏರುತ್ತದೆ.

ತೂಕ ಇಳಿಸಿ ಎಂಬ ಮಾತನ್ನು ಒಪ್ಪಿಕೊಳ್ಳುವುದು ಇವರಿಗೆ ಸುಲಭವಲ್ಲ. ಮೂಳೆ ಚಕ್ಕಳವಾಗಿದ್ದ ದಿನಗಳು ನೆನಪಿನಲ್ಲಿರುತ್ತವೆ. ಮತ್ತೆ ಸಣ್ಣಗಾದರೆ ಊರವರು ಅನುಮಾನಪಟ್ಟಾರು ಎಂಬ ಭಯವೂ ಇರುತ್ತದೆ. ಈ ಭಯಕ್ಕೆ ಕಿವಿಗೊಡದೆ ಬರೀ ಕಿಲೋ ಲೆಕ್ಕ ಹೇಳುವ ಆಪ್ತಸಮಾಲೋಚನೆಯಿಂದ ಪ್ರಯೋಜನವಿಲ್ಲ.

ಪ್ರಶ್ನೆ: ಸಕ್ಕರೆ ಪತ್ತೆಗೆ ಯಾವ ಪರೀಕ್ಷೆ ಸರಿ?

ಖಾಲಿ ಹೊಟ್ಟೆಯ ರಕ್ತ ಪರೀಕ್ಷೆ. 126 ಅಥವಾ ಅದಕ್ಕಿಂತ ಹೆಚ್ಚೆಂದು ಎರಡು ಸಲ ಬಂದರೆ ಸಕ್ಕರೆ ಕಾಯಿಲೆ ಇದೆ ಎಂದೇ ಅರ್ಥ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನೇ ನಂಬಿ ಕೂರಬಾರದು. ಎಚ್‌ಐವಿ ಇರುವವರಲ್ಲಿ, ಅದರಲ್ಲೂ ಜಿಡೊವುಡಿನ್ ಸೇವಿಸುವವರಲ್ಲಿ, ಕೆಂಪು ರಕ್ತಕಣಗಳ ಗಾತ್ರ, ಆಯಸ್ಸು ಬದಲಾಗಿರುವುದರಿಂದ ಅದು ನಿಜಕ್ಕಿಂತ ಕಡಿಮೆ ತೋರಿಸಬಹುದು. ಚಿಕಿತ್ಸೆ ಆರಂಭಿಸುವ ಮೊದಲೊಮ್ಮೆ, ಔಷಧ ಬದಲಾದ ಮೇಲೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು. ಡೊಲುಟೆಗ್ರಾವಿರ್‌ಗೆ ಬದಲಾದ ಕೆಲವರಲ್ಲಿ ಸಕ್ಕರೆ ಹಠಾತ್ತನೆ ಏರಿದ ಪ್ರಕರಣಗಳನ್ನು 2020ರಲ್ಲಿ ಉಗಾಂಡದ ವೈದ್ಯರು ವರದಿ ಮಾಡಿದ್ದರು. ಇಂಥದ್ದು ವಿರಳವಾದರೂ, ಅತಿಯಾದ ಬಾಯಾರಿಕೆ, ಪದೇಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಕೆ ಕಂಡರೆ ಮುಂದಿನ ತಿಂಗಳ ಮಾತ್ರೆಗೆ ಹೋಗುವವರೆಗೆ ಕಾಯಬಾರದು.

ಪ್ರಶ್ನೆ: ಸಕ್ಕರೆಯ ಮಾತ್ರೆ, ಎಆರ್‌ಟಿ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದೇ?

ತೆಗೆದುಕೊಳ್ಳಬಹುದು. ಆದರೆ ಎರಡೂ ಕಡೆಯ ವೈದ್ಯರಿಗೆ ಎರಡೂ ಚೀಟಿ ಗೊತ್ತಿರಬೇಕು. ಸಕ್ಕರೆಗೆ ಮೊದಲು ಬರೆಯುವ ಮೆಟ್‌ಫಾರ್ಮಿನ್ ಮೂತ್ರಪಿಂಡದ ಮೂಲಕ ಹೊರಹೋಗುವ ದಾರಿಯನ್ನು ಡೊಲುಟೆಗ್ರಾವಿರ್ ಅಡ್ಡಗಟ್ಟುತ್ತದೆ. ರಕ್ತದಲ್ಲಿ ಮೆಟ್‌ಫಾರ್ಮಿನ್ ಪ್ರಮಾಣ ಸುಮಾರು 79%ರಷ್ಟು ಏರುತ್ತದೆ. ಹಾಗಾಗಿ ದಿನಕ್ಕೆ 1000 ಮಿಲಿಗ್ರಾಂ ಮೀರದಂತೆ ಕೊಡುವುದು ರೂಢಿ. ವಿಷಯ ತಿಳಿಯದ ವೈದ್ಯರು 2000 ಬರೆದುಬಿಟ್ಟರೆ ಭೇದಿ, ವಾಕರಿಕೆ ಶುರುವಾಗಿ ರೋಗಿ ಎರಡೂ ಮಾತ್ರೆ ಬಿಡುವ ಅಪಾಯವಿದೆ.

ಆಮ್ಲಪಿತ್ತಕ್ಕೆ ಕುಡಿಯುವ ಗುಲಾಬಿ ಬಣ್ಣದ ಔಷಧ, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳು ಡೊಲುಟೆಗ್ರಾವಿರ್ ಹೀರಿಕೆಯನ್ನು ತಡೆಯುತ್ತವೆ. ಅವುಗಳಿಗೆ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಎಆರ್‌ಟಿ ನುಂಗಬೇಕು. ಕ್ಯಾಲ್ಸಿಯಂ, ಕಬ್ಬಿಣವನ್ನಾದರೆ ಊಟದ ಜೊತೆ ಒಟ್ಟಿಗೇ ತೆಗೆದುಕೊಳ್ಳಲೂಬಹುದು. ಎರಡನೇ ಹಂತದ ಚಿಕಿತ್ಸೆಯಲ್ಲಿ ರಿಟೊನಾವಿರ್ ಇರುವವರು ಮೊಣಕಾಲು ನೋವಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಹಾಕಿಸಿಕೊಂಡರೆ ಅದು ದೇಹದಲ್ಲಿ ಬಹುಕಾಲ ಉಳಿದು ಸಕ್ಕರೆ ಏರಿಸಬಲ್ಲದು, ಮುಖ ಊದಿಸಬಲ್ಲದು.

ಇಷ್ಟೆಲ್ಲ ತೊಡಕಿಗೂ ಮೂಲ, ಚಿಕಿತ್ಸೆಯ ವಿವರವಿರುವ ಎಆರ್‌ಟಿ ಕೇಂದ್ರದ ಹಸಿರು ಪುಸ್ತಕವನ್ನು ಬೇರೆ ವೈದ್ಯರಿಗೆ ತೋರಿಸಲು ರೋಗಿ ಅಂಜುವುದು. ಆ ಅಂಜಿಕೆ ಆಧಾರವಿಲ್ಲದ್ದಲ್ಲ. ಅದಕ್ಕೆಂದೇ ಇರುವ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದಿದೆ. ಸೋಂಕಿನ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದನ್ನೂ, ರೋಗಿಯ ಒಪ್ಪಿಗೆಯಿಲ್ಲದೆ ವಿಷಯ ಬಯಲು ಮಾಡುವುದನ್ನೂ ಅದು ನಿಷೇಧಿಸುತ್ತದೆ. 1097 ಉಚಿತ ಸಹಾಯವಾಣಿಯಲ್ಲಿ ಮಾಹಿತಿ ಸಿಗುತ್ತದೆ.

ಪ್ರಶ್ನೆ: ಕೊಲೆಸ್ಟ್ರಾಲ್ ಮಾತ್ರೆ ಯಾರಿಗೆ ಬೇಕು?

ಹೃದಯಾಘಾತ, ಪಾರ್ಶ್ವವಾಯು ಆದವರಿಗೆ, ಸಕ್ಕರೆ ಕಾಯಿಲೆ ಇರುವ ನಲವತ್ತು ದಾಟಿದವರಿಗೆ ಬೇಕೆಂಬುದರಲ್ಲಿ ಸಂಶಯವಿಲ್ಲ. ಉಳಿದವರ ಬಗ್ಗೆ ಉತ್ತರ ಕೊಟ್ಟದ್ದು ಭಾರತವೂ ಸೇರಿ 12 ದೇಶಗಳಲ್ಲಿ ನಡೆದ ರಿಪ್ರೀವ್ ಅಧ್ಯಯನ. 40ರಿಂದ 75 ವರ್ಷದ, ಹೃದಯದ ಅಪಾಯ ಕಡಿಮೆ ಅಥವಾ ಮಧ್ಯಮ ಎನಿಸಿದ, ಎಆರ್‌ಟಿ ಪಡೆಯುತ್ತಿದ್ದ 7,769 ಮಂದಿ ಅದರಲ್ಲಿದ್ದರು. ದಿನಕ್ಕೆ 4 ಮಿಲಿಗ್ರಾಂ ಪಿಟಾವಸ್ಟಾಟಿನ್ ನುಂಗಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಗಂಭೀರ ಘಟನೆಗಳು 35%ರಷ್ಟು ಕಡಿಮೆಯಾದುದು 2023ರಲ್ಲಿ ಪ್ರಕಟವಾಯಿತು. ಕೆಟ್ಟ ಕೊಲೆಸ್ಟ್ರಾಲ್ ಮೊದಲೇ ಅತಿಯಾಗಿದ್ದವರಲ್ಲ ಇವರು. ನಲವತ್ತು ದಾಟಿದವರೆಲ್ಲ ಸ್ಟಾಟಿನ್ ಗುಂಪಿನ ಈ ಮಾತ್ರೆಗಳ ಬಗ್ಗೆ ವೈದ್ಯರನ್ನು ಕೇಳುವುದು ಈ ಕಾರಣಕ್ಕೆ ಸೂಕ್ತ. ಒಂದು ಎಚ್ಚರಿಕೆ: ರಿಟೊನಾವಿರ್ ಜೊತೆ ಸಿಮ್ವಾಸ್ಟಾಟಿನ್, ಲೊವಾಸ್ಟಾಟಿನ್ ಕೂಡದು, ಸ್ನಾಯುಗಳು ಕರಗುವ ಅಪಾಯವಿದೆ. ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್‌ಗಳನ್ನು ಕಡಿಮೆ ಪ್ರಮಾಣದಲ್ಲಿ ಕೊಡಬೇಕು.

ಬೀಡಿ, ಸಿಗರೇಟು, ಗುಟ್ಕಾ ಬಿಡದೆ ಬರೀ ಸ್ಟಾಟಿನ್ ನುಂಗಿದರೆ ಸಿಗಬೇಕಾದ ಲಾಭ ಸಿಗುವುದಿಲ್ಲ.

ಪ್ರಶ್ನೆ: ಸಕ್ಕರೆ, ತೂಕ ಏರುತ್ತಿದ್ದರೆ ಸ್ವಲ್ಪ ದಿನ ಎಆರ್‌ಟಿ ನಿಲ್ಲಿಸಬಹುದೇ?

ಖಂಡಿತ ಕೂಡದು. 33 ದೇಶಗಳ 5,472 ಮಂದಿಯನ್ನೊಳಗೊಂಡ ಸ್ಮಾರ್ಟ್ ಅಧ್ಯಯನ ಇದನ್ನೇ ಪರೀಕ್ಷಿಸಿತ್ತು. ಬಿಟ್ಟುಬಿಟ್ಟು ಚಿಕಿತ್ಸೆ ಪಡೆದವರಲ್ಲಿ ಸಾವು ಹೆಚ್ಚಾಯಿತು. ಔಷಧ ನಿಲ್ಲಿಸಿದರೆ ಬಿಡುವು ಸಿಗಬಹುದೆಂದುಕೊಂಡಿದ್ದ ಹೃದಯ, ಮೂತ್ರಪಿಂಡ, ಪಿತ್ತಜನಕಾಂಗದ ತೊಂದರೆಗಳೂ ಹೆಚ್ಚಾದವು. 2006ರಲ್ಲಿ ಆ ಫಲಿತಾಂಶ ಬಂದ ಮೇಲೆ ಈ ಪ್ರಶ್ನೆ ಮುಗಿದ ಅಧ್ಯಾಯ. ಔಷಧ ಬದಲಿಸಬೇಕೆನಿಸಿದರೆ ಅದನ್ನು ಎಆರ್‌ಟಿ ಕೇಂದ್ರದ ವೈದ್ಯರೇ ತೀರ್ಮಾನಿಸಬೇಕು.

ಪ್ರಶ್ನೆ: ಊಟದಲ್ಲಿ ಏನು ಬದಲಾಗಬೇಕು?

ರಾಗಿ ಮುದ್ದೆ, ಜೋಳದ ರೊಟ್ಟಿ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಅವೂ ಪಿಷ್ಟವೇ, ಪ್ರಮಾಣ ಮುಖ್ಯ. ಎರಡು ಮುದ್ದೆಯ ಜಾಗದಲ್ಲಿ ಒಂದು ಮುದ್ದೆ, ಉಳಿದ ಜಾಗಕ್ಕೆ ಬಸ್ಸಾರಿನ ಸೊಪ್ಪು, ಹುರುಳಿ, ಮೊಳಕೆ ಹೆಸರುಕಾಳು, ಮೊಟ್ಟೆ ಬಂದರೆ ಹೊಟ್ಟೆಯೂ ತುಂಬುತ್ತದೆ, ಸ್ನಾಯುವೂ ಉಳಿಯುತ್ತದೆ. ದಿನಕ್ಕೆ ಐದಾರು ಸಲ ಸಕ್ಕರೆ ಹಾಕಿದ ಚಹಾ ಕುಡಿಯುವವರು ಮೊದಲು ಕಡಿಮೆ ಮಾಡಬೇಕಾದದ್ದು ಅದನ್ನೇ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನ ಸ್ನಾಯುಗಳಿಗೆ ಭಾರ ಕೊಡುವ ವ್ಯಾಯಾಮ ಇರಲಿ.

ಪ್ರಶ್ನೆ: ರಕ್ತದಲ್ಲಿ ಸಕ್ಕರೆ ಸರಿಯಿದೆ, ಮೂತ್ರದಲ್ಲಿ ಮಾತ್ರ ಸಕ್ಕರೆ ಬಂದಿದೆ. ಇದೂ ಸಕ್ಕರೆ ಕಾಯಿಲೆಯೇ?

ಅಲ್ಲದಿರಬಹುದು. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ನುಂಗುವವರಲ್ಲಿ ಅದು ಸಹಜ. ನುಂಗದವರಲ್ಲಿ ಕಂಡರೆ ಟೆನೊಫೊವಿರ್ ಮೂತ್ರಪಿಂಡದ ಸೂಕ್ಷ್ಮ ನಾಳಗಳನ್ನು ಕೆಡಿಸುತ್ತಿರುವ ಸೂಚನೆ ಇರಬಹುದು. ಸಕ್ಕರೆಯ ಜೊತೆ ರಂಜಕವೂ ಸೋರಿಹೋಗಿ ಮೂಳೆ ಸವೆಯುತ್ತದೆ, ತೊಡೆ, ಸೊಂಟ ನೋಯುತ್ತವೆ. ಮೂತ್ರ ಪರೀಕ್ಷೆ, ಕ್ರಿಯಾಟಿನಿನ್, ರಂಜಕ ನೋಡಿ ಔಷಧ ಬದಲಿಸಿದರೆ ಹೆಚ್ಚಿನವರಲ್ಲಿ ಇದು ಸುಧಾರಿಸುತ್ತದೆ. ಡೊಲುಟೆಗ್ರಾವಿರ್ ಆರಂಭಿಸಿದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ತುಸು ಏರಿ ಅಲ್ಲೇ ನಿಲ್ಲುವುದು ಬೇರೆ ವಿಷಯ. ಔಷಧವು ಕ್ರಿಯಾಟಿನಿನ್ ಹೊರಹೋಗುವ ಒಂದು ದಾರಿಯನ್ನು ತಡೆಯುವುದರಿಂದ ಆಗುವ ಏರಿಕೆ ಅದು, ಮೂತ್ರಪಿಂಡಕ್ಕೆ ಅದರಿಂದ ಹಾನಿಯಿಲ್ಲ. ವಾರಗಳು ಕಳೆದಂತೆ ಏರುತ್ತಲೇ ಹೋದರೆ ಮಾತ್ರ ಟೆನೊಫೊವಿರ್ ಬಗ್ಗೆ ಯೋಚಿಸಬೇಕಾಗುತ್ತದೆ.