ಬಿಡಿಭಾಗಗಳ ಹೊಂದಾಣಿಕೆ: ಆಟದ ಕಂಪ್ಯೂಟರನ್ನು ಕಟ್ಟಿಸುವವರಿಗೆ ಒಂದು ಪಾಠ

ಸಿದ್ಧವಾಗಿ ಮಾರಾಟಕ್ಕೆ ಬರುವ ಕಂಪ್ಯೂಟರನ್ನು ಕೊಂಡು ತರುವುದು ಒಂದು ಬಗೆ. ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ತಂದು ಜೋಡಿಸಿಕೊಳ್ಳುವುದು ಇನ್ನೊಂದು ಬಗೆ. ಮೊದಲನೆಯದು ಅಂಗಡಿಯ ಸಿದ್ಧ ಉಡುಪಿನಂತೆ. ಎರಡನೆಯದು ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ. ಕಂಪ್ಯೂಟರಿನಲ್ಲಿ ಆಟಗಳನ್ನು ಆಡುವ ತರುಣರು ಎರಡನೆಯ ಬಗೆಯನ್ನೇ ಮೆಚ್ಚುತ್ತಾರೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದಿಲ್ಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರಸ್ತೆ ಇವೆಲ್ಲ ಇಂಥ ಬಿಡಿಭಾಗಗಳಿಗೆ ಹೆಸರಾದ ಪೇಟೆಗಳು. ಅಲ್ಲಿಗೆ ಹೋಗಿ ಬಂದವರಿಗೆ ತಿಳಿದಿದೆ, ಒಂದೊಂದು ಅಂಗಡಿಯಲ್ಲಿ ನೂರಾರು ಪೆಟ್ಟಿಗೆಗಳು, ಒಂದೊಂದು ಪೆಟ್ಟಿಗೆಯ ಮೇಲೂ ಅರ್ಥವಾಗದ ಅಂಕಿಗಳು.

ಆಟಕ್ಕಾಗಿ ಇಷ್ಟು ಹಣವೇ ಎಂದು ಹುಬ್ಬೇರಿಸುವ ಹಿರಿಯರು ನಮ್ಮಲ್ಲಿ ಉಂಟು. ಅವರಿಗೆ ನಾವು ಹೇಳುವುದಿಷ್ಟೆ: ಆಟಕ್ಕೆ ತಕ್ಕುದಾದ ಯಂತ್ರವು ವಿದ್ಯಾಭ್ಯಾಸಕ್ಕೂ, ನಕ್ಷೆಯ ಕೆಲಸಕ್ಕೂ, ಚಲನಚಿತ್ರದ ಸಂಕಲನಕ್ಕೂ ತಕ್ಕುದೇ ಆಗಿರುತ್ತದೆ. ಆದರೆ ಹಣದ ಮಾತು ನಿಜವಾದದ್ದು. ಊರು ಬಿಟ್ಟು ಬಂದು ದುಡಿಯುವ ಹುಡುಗನೊಬ್ಬ ತಿಂಗಳುಗಟ್ಟಲೆ ಸಂಬಳದಲ್ಲಿ ಉಳಿಸಿದ ಹಣ ಅದು. ಕೊಂಡ ಭಾಗಗಳು ಒಂದೊಂದೂ ಉತ್ತಮವಾಗಿದ್ದು, ಕೂಡಿಸಿದಾಗ ಮಾತ್ರ ನಡೆಯದೆ ಹೋದರೆ ಆ ಉಳಿತಾಯ ಪೆಟ್ಟಿಗೆಯಲ್ಲೇ ಕೂರುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಆದಕಾರಣ ಯಾವ ಭಾಗ ಶ್ರೇಷ್ಠ ಎಂದು ಕೇಳುವ ಮೊದಲು, ಯಾವುದು ಯಾವುದರೊಡನೆ ಹೊಂದುತ್ತದೆ ಎಂದು ಕೇಳತಕ್ಕದ್ದು. ಆ ಕೇಳುವ ಕ್ರಮವನ್ನೇ ಈ ಪಾಠದಲ್ಲಿ ನೋಡೋಣ.

೧. ಪರದೆಯಿಂದ ಆರಂಭ

ಬಹುಮಂದಿ ಪ್ರೊಸೆಸರಿನಿಂದ ಆರಂಭಿಸುತ್ತಾರೆ. ಪರದೆಯಿಂದ ಆರಂಭಿಸುವುದು ಲೇಸು. ೧೯೨೦ × ೧೦೮೦ ಅಳತೆಯ ಪರದೆಯಲ್ಲಿ ಸುಮಾರು ೨೦ ಲಕ್ಷ ೭೦ ಸಾವಿರ ಚುಕ್ಕೆಗಳಿರುತ್ತವೆ. ೨೫೬೦ × ೧೪೪೦ ಪರದೆಯಲ್ಲಿ ಸುಮಾರು ೩೭ ಲಕ್ಷ. ೩೮೪೦ × ೨೧೬೦ ಪರದೆಯಲ್ಲಿ ಸುಮಾರು ೮೩ ಲಕ್ಷ. ಆಟ ನಡೆಯುವಾಗ ಈ ಚುಕ್ಕೆಗಳಿಗೆಲ್ಲ ಸೆಕೆಂಡಿಗೆ ಹಲವು ಸಾರಿ ಬಣ್ಣ ತುಂಬುವ ಕೆಲಸ ಗ್ರಾಫಿಕ್ಸ್ ಕಾರ್ಡಿನದು. ಪರದೆ ದೊಡ್ಡದಾದಷ್ಟೂ ಕಾರ್ಡಿಗೆ ದುಡಿಮೆ ಹೆಚ್ಚು. ೬೦ ಹರ್ಟ್ಸ್ ಪರದೆಯೆದುರು ಅತಿ ಬೆಲೆಯ ಕಾರ್ಡನ್ನಿಟ್ಟರೆ ಅದರ ಶಕ್ತಿಯ ಬಹುಪಾಲು ಕಣ್ಣಿಗೆ ಕಾಣದೆ ಹೋಗುತ್ತದೆ. ೧೪೪ ಹರ್ಟ್ಸಿನ ಪರದೆಗೆ ದುರ್ಬಲ ಕಾರ್ಡನ್ನು ಜೋಡಿಸಿದರೆ ಪರದೆಗೆ ಕೊಟ್ಟ ಹಣ ವ್ಯರ್ಥ. ಹೀಗೆ ಪರದೆಯು ಕಾರ್ಡನ್ನು ನಿಶ್ಚಯಿಸುತ್ತದೆ, ಕಾರ್ಡು ಉಳಿದವುಗಳನ್ನು.

೨. ಪ್ರೊಸೆಸರ್ ಮತ್ತು ಮದರ್‌ಬೋರ್ಡ್

ಮದರ್‌ಬೋರ್ಡ್ ಎಂದರೆ ಎಲ್ಲ ಭಾಗಗಳೂ ಬಂದು ಕೂರುವ ತಾಯಿಹಲಗೆ. ಅದರ ನಡುವೆ ಪ್ರೊಸೆಸರು ಕೂರುವ ಪೀಠಕ್ಕೆ ಸಾಕೆಟ್ ಎಂದು ಹೆಸರು. ಎ.ಎಂ.ಡಿ. ಕಂಪನಿಯ ಎಎಂ೪ ಸಾಕೆಟ್ ೨೦೧೬ರಲ್ಲಿ ಬಂತು. ಎಎಂ೫ ಸಾಕೆಟ್ ೨೦೨೨ರಲ್ಲಿ. ಇಂಟೆಲ್ ಕಂಪನಿಯ ೧೭೦೦ ಬಿಂದುಗಳ ಸಾಕೆಟ್ ೨೦೨೧ರಲ್ಲೂ, ೧೮೫೧ ಬಿಂದುಗಳದ್ದು ೨೦೨೪ರಲ್ಲೂ ಬಂದವು. ಒಂದರ ಪ್ರೊಸೆಸರು ಇನ್ನೊಂದರ ಪೀಠದಲ್ಲಿ ಕೂರುವುದಿಲ್ಲ.

ಪೀಠದ ಆಕಾರ ಒಂದೇ ಇದ್ದರೆ ಸಾಕೇ? ಸಾಲದು. ಇದಕ್ಕೆ ಒಳ್ಳೆಯ ನಿದರ್ಶನ ಇಂಟೆಲ್ಲಿನ ೧೧೫೧ ಬಿಂದುಗಳ ಸಾಕೆಟ್. ಅದು ೨೦೧೫ರಲ್ಲಿ ೬ನೆಯ ಪೀಳಿಗೆಯ ಪ್ರೊಸೆಸರುಗಳೊಡನೆ ಬಂತು. ೨೦೧೭ರಲ್ಲಿ ೮ನೆಯ ಪೀಳಿಗೆ ಬಂದಾಗಲೂ ಬಿಂದುಗಳು ೧೧೫೧. ಆದರೆ ೧೦೦ ಮತ್ತು ೨೦೦ನೆಯ ಸರಣಿಯ ಹಳೆಯ ಬೋರ್ಡುಗಳಿಗೆ ಕಂಪನಿ ಆ ಪ್ರೊಸೆಸರುಗಳ ಬೆಂಬಲ ಕೊಡಲಿಲ್ಲ. ಹಳೆಯ ಸಾಮಾನಿನ ಪೇಟೆಯಲ್ಲಿ ಈ ಬೋರ್ಡುಗಳನ್ನು ಕೊಳ್ಳುವವರು ಸಾಕೆಟ್ಟಿನ ಅಂಕಿಯೊಂದನ್ನೇ ನೋಡಿ ಮೋಸಹೋಗಬಾರದು. ಬೋರ್ಡಿನ ಚಿಪ್‌ಸೆಟ್ಟಿನ ಹೆಸರನ್ನೂ ನೋಡತಕ್ಕದ್ದು.

ಇನ್ನು ಬಯಾಸ್ ವಿಚಾರ. ಬೋರ್ಡಿನೊಳಗೆ ಬರೆದಿಟ್ಟ ಮೂಲ ಆದೇಶಗಳಿಗೆ ಬಯಾಸ್ ಎನ್ನುತ್ತಾರೆ. ಬೋರ್ಡು ಮೊದಲು ತಯಾರಾಗಿ, ಪ್ರೊಸೆಸರು ಆಮೇಲೆ ಬಂದಿದ್ದರೆ, ಬಯಾಸನ್ನು ಹೊಸದಾಗಿಸುವವರೆಗೆ ಆ ಪ್ರೊಸೆಸರಿನ ಗುರುತು ಬೋರ್ಡಿಗೆ ಹತ್ತುವುದಿಲ್ಲ. ಪರದೆ ಕಪ್ಪಾಗಿಯೇ ಉಳಿಯುತ್ತದೆ. ಯಂತ್ರ ಕೆಟ್ಟಿದೆಯೆಂದು ಹೊಸಬರು ಗಾಬರಿಯಾಗುವುದುಂಟು. ಪ್ರೊಸೆಸರಿಲ್ಲದೆಯೇ ಪೆನ್‌ಡ್ರೈವಿನಿಂದ ಬಯಾಸನ್ನು ಬದಲಾಯಿಸುವ ಸೌಕರ್ಯ ಕೆಲವು ಬೋರ್ಡುಗಳಲ್ಲಿದೆ. ಅದಿಲ್ಲದಿದ್ದಲ್ಲಿ ಅಂಗಡಿಯಲ್ಲೇ ಹೊಸದು ಮಾಡಿಸಿಕೊಂಡು ಬರುವುದು ಉಚಿತ.

ಹೆಸರಿನ ಕೊನೆಯ ಅಕ್ಷರವನ್ನೂ ಅಲಕ್ಷಿಸಬಾರದು. ಇಂಟೆಲ್ ಪ್ರೊಸೆಸರಿನ ಹೆಸರಿನ ತುದಿಯಲ್ಲಿ ‘ಎಫ್’ ಇದ್ದರೆ ಅದರೊಳಗೆ ಚಿತ್ರ ತೋರಿಸುವ ಅಂಗವಿಲ್ಲ ಎಂದರ್ಥ. ‘ಕಾರ್ಡನ್ನು ಮುಂದಿನ ತಿಂಗಳು ಕೊಳ್ಳೋಣ’ ಎನ್ನುವವರು ಅಂಥದನ್ನು ತಂದರೆ ಅಲ್ಲಿಯವರೆಗೆ ಪರದೆ ಬೆಳಗದು.

೩. ರ‍್ಯಾಮ್

ಈಗ ಪೇಟೆಯಲ್ಲಿರುವ ಮೆಮೊರಿಯಲ್ಲಿ ಡಿಡಿಆರ್೪, ಡಿಡಿಆರ್೫ ಎಂಬ ಎರಡು ಪೀಳಿಗೆಗಳು ಮುಖ್ಯ. ಎರಡಕ್ಕೂ ೨೮೮ ಸಂಪರ್ಕಗಳು, ಮೇಲ್ನೋಟಕ್ಕೆ ಅವಳಿಗಳೇ. ಆದರೆ ಕೆಳಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಒಂದನ್ನು ಇನ್ನೊಂದರ ಗಾಡಿಯಲ್ಲಿ ಒತ್ತಿ ಕೂರಿಸಲು ಹೋದರೆ ಎರಡೂ ಮುರಿದಾವು. ಎಎಂ೪ಕ್ಕೆ ಡಿಡಿಆರ್೪ ಮಾತ್ರ, ಎಎಂ೫ಕ್ಕೆ ಡಿಡಿಆರ್೫ ಮಾತ್ರ. ಇಂಟೆಲ್ಲಿನ ೧೭೦೦ರ ಬೋರ್ಡುಗಳಲ್ಲಿ ಎರಡು ಬಗೆಯವೂ ಇರುವುದರಿಂದ ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಓದಿಯೇ ಕೊಳ್ಳಬೇಕು.

೧೬ ಜಿಬಿಯ ಒಂದು ಪಟ್ಟಿಗಿಂತ ೮ ಜಿಬಿಯ ಎರಡು ಪಟ್ಟಿಗಳು ಮೇಲು. ಎರಡು ದಾರಿಗಳಲ್ಲಿ ಒಟ್ಟಿಗೆ ಸಂಚಾರ ನಡೆಯುತ್ತದೆ. ನಾಲ್ಕು ಗಾಡಿಗಳಿರುವ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದರಲ್ಲೂ ನಾಲ್ಕನೆಯದರಲ್ಲೂ ಇಡುತ್ತಾರೆ. ಪೆಟ್ಟಿಗೆಯ ಮೇಲೆ ೬೦೦೦ ಎಂಬ ವೇಗ ಅಚ್ಚಾಗಿದ್ದರೂ ಬಯಾಸಿನಲ್ಲಿ ಎಕ್ಸ್‌ಎಂಪಿ ಇಲ್ಲವೆ ಎಕ್ಸ್‌ಪೋ ಎಂಬ ಏರ್ಪಾಡನ್ನು ತೆರೆಯುವವರೆಗೆ ಅದು ಕಡಿಮೆ ವೇಗದಲ್ಲೇ ನಡೆಯುತ್ತದೆ. ಹಣ ಕೊಟ್ಟ ವೇಗವನ್ನು ವರ್ಷಗಟ್ಟಲೆ ಬಳಸದೆ ಇದ್ದವರೂ ಉಂಟು.

೪. ಅಳತೆಯ ಮಾತು

ಗ್ರಾಫಿಕ್ಸ್ ಕಾರ್ಡಿಗೆ ಇಂಟೆಲ್, ಎ.ಎಂ.ಡಿ. ಎಂಬ ಪಕ್ಷವಿಲ್ಲ, ಎರಡು ಬಗೆಯ ಬೋರ್ಡುಗಳಲ್ಲೂ ಅದು ಕೂರುತ್ತದೆ. ಹೊಸ ಕಾರ್ಡು ತುಸು ಹಳೆಯ ಬೋರ್ಡಿನಲ್ಲಿಯೂ ಸಾಮಾನ್ಯವಾಗಿ ನಡೆದೀತು, ವೇಗದಲ್ಲಿ ಮಾತ್ರ ಅಲ್ಪಸ್ವಲ್ಪ ಕೊರತೆಯಾದೀತು. ಅದರ ತೊಡಕೆಲ್ಲ ಉದ್ದ, ದಪ್ಪಗಳದ್ದು. ಕೆಲವು ಕಾರ್ಡುಗಳು ೨೦೦ ಮಿಲಿಮೀಟರಿಗೆ ಮುಗಿಯುತ್ತವೆ. ಕೆಲವು ೩೦೦ನ್ನು ದಾಟುತ್ತವೆ. ಎಷ್ಟು ಉದ್ದದ ಕಾರ್ಡು ಹಿಡಿಯುವುದೆಂದು ಕ್ಯಾಬಿನೆಟ್ಟಿನ ವಿವರಪತ್ರದಲ್ಲಿ ಬರೆದಿರುತ್ತದೆ. ಮುಂಭಾಗದಲ್ಲಿ ನೀರಿನ ರೇಡಿಯೇಟರನ್ನು ಕೂರಿಸಿದರೆ ಆ ಉದ್ದದಲ್ಲಿ ಅದರ ದಪ್ಪವನ್ನು ಕಳೆಯಬೇಕಷ್ಟೆ.

ಬೋರ್ಡಿಗೂ ಅಳತೆಯುಂಟು. ಎಟಿಎಕ್ಸ್ ಬೋರ್ಡು ೩೦೫ × ೨೪೪ ಮಿಲಿಮೀಟರು. ಮೈಕ್ರೋ ಎಟಿಎಕ್ಸ್ ಹೆಚ್ಚೆಂದರೆ ೨೪೪ × ೨೪೪. ಮಿನಿ ಐಟಿಎಕ್ಸ್ ೧೭೦ × ೧೭೦. ದೊಡ್ಡ ಕ್ಯಾಬಿನೆಟ್ಟಿನಲ್ಲಿ ಸಾಮಾನ್ಯವಾಗಿ ಚಿಕ್ಕ ಬೋರ್ಡು ಕೂತೀತು, ಚಿಕ್ಕದರಲ್ಲಿ ದೊಡ್ಡದು ಕೂರದು. ಪ್ರೊಸೆಸರನ್ನು ತಣಿಸುವ ಕೂಲರಿನ ಎತ್ತರವನ್ನೂ ನೋಡಿಕೊಳ್ಳಬೇಕು. ೧೬೫ ಮಿಲಿಮೀಟರ್ ಎತ್ತರದ ಕೂಲರನ್ನು ೧೬೦ಕ್ಕೆ ಮಾತ್ರ ಅವಕಾಶವಿರುವ ಕ್ಯಾಬಿನೆಟ್ಟಿಗೆ ತಂದರೆ ಪಕ್ಕದ ಬಾಗಿಲು ಮುಚ್ಚುವುದಿಲ್ಲ. ಹಳೆಯ ಕೂಲರನ್ನೇ ಉಳಿಸಿಕೊಳ್ಳುವವರು ಹೊಸ ಸಾಕೆಟ್ಟಿಗೆ ಅದನ್ನು ಬಿಗಿಯುವ ಪಟ್ಟಿ ದೊರೆಯುತ್ತದೆಯೇ ಎಂದು ವಿಚಾರಿಸತಕ್ಕದ್ದು.

೫. ವಿದ್ಯುತ್ತಿನ ಲೆಕ್ಕ

ಅಗ್ಗವಾಗಿ ಮುಗಿಸಲು ಜನ ಮನಸ್ಸು ಮಾಡುವುದು ಪವರ್ ಸಪ್ಲೈಯಲ್ಲಿ. ಅಲ್ಲಿ ಜಿಪುಣತನ ತರವಲ್ಲ, ಅದು ಕೆಟ್ಟರೆ ಜೊತೆಯವುಗಳನ್ನೂ ಕೆಡಿಸಬಲ್ಲುದು. ಪ್ರೊಸೆಸರಿನ ಪೆಟ್ಟಿಗೆಯ ಮೇಲಿನ ವ್ಯಾಟನ್ನೇ ನಂಬಿ ಲೆಕ್ಕ ಹಾಕಬಾರದು. ಇಂಟೆಲ್ಲಿನ ಕೋರ್ ಐ೭-೧೪೭೦೦ಕೆ ಎಂಬುದರ ಮೂಲ ಅಂಕಿ ೧೨೫ ವ್ಯಾಟು. ಭರದ ದುಡಿಮೆಯಲ್ಲಿ ೨೫೩ ವ್ಯಾಟಿನವರೆಗೆ ಏರಬಹುದು.

ಕಾರ್ಡಿಗೆ ವಿದ್ಯುತ್ತು ಎರಡು ದಾರಿಗಳಿಂದ ಬರುತ್ತದೆ: ಬೋರ್ಡಿನ ಗಾಡಿಯಿಂದ ೭೫ ವ್ಯಾಟಿನವರೆಗೆ, ೮ ಪಿನ್ನಿನ ಒಂದೊಂದು ತಂತಿಯಿಂದ ೧೫೦ ವ್ಯಾಟಿನವರೆಗೆ. ಕಾರ್ಡು ಕೇಳುವ ತಂತಿಗಳು ಪವರ್ ಸಪ್ಲೈಯಲ್ಲಿ ಇವೆಯೇ ಎಂದು ಮೊದಲೇ ಎಣಿಸಬೇಕು. ೧೬ ಪಿನ್ನಿನ ಪ್ಲಗ್ಗಾದರೆ ಪೂರ್ತಿ ಒಳಕ್ಕೆ ಕೂರುವಂತೆ ಒತ್ತಬೇಕು. ೨೦೨೨ರಲ್ಲಿ ಆರ್‌ಟಿಎಕ್ಸ್ ೪೦೯೦ ಬಂದ ಹೊಸತರಲ್ಲಿ ಕೆಲವರ ಪ್ಲಗ್ಗುಗಳು ಕರಗಿದವು. ಅರೆಬರೆ ಕೂರಿಸಿದ್ದು ಅದಕ್ಕೊಂದು ಕಾರಣವೆಂದು ತಯಾರಕರು ತಿಳಿಸಿದರು.

ಇನ್ನೆರಡು ಎಚ್ಚರಿಕೆ. ‘೮೦ ಪ್ಲಸ್’ ಎಂಬ ಮುದ್ರೆ ವಿದ್ಯುತ್ತನ್ನು ಎಷ್ಟು ಕಡಿಮೆ ಪೋಲುಮಾಡುವುದೆಂಬುದನ್ನು ತಿಳಿಸುತ್ತದೆಯೇ ಹೊರತು ಬಾಳಿಕೆಯ ಭರವಸೆಯಲ್ಲ. ಮೇಲಾಗಿ, ಬಿಚ್ಚಿ ಹಾಕುವ ತಂತಿಗಳಿರುವ ಪವರ್ ಸಪ್ಲೈಯಲ್ಲಿ ಒಂದರ ತಂತಿಯನ್ನು ಇನ್ನೊಂದಕ್ಕೆ ಹಾಕಲೇಬಾರದು. ಪ್ಲಗ್ಗು ಸರಿಯಾಗಿ ಕೂತರೂ ಒಳಗಿನ ಜೋಡಣೆ ಬೇರೆಯಾಗಿದ್ದು, ಡ್ರೈವು ಸುಟ್ಟುಹೋದೀತು.

೬. ಸಂಗ್ರಹದ ಅಂಗ

ಎಂ.೨ ಎಂಬುದು ಎಸ್‌ಎಸ್‌ಡಿಯ ಆಕಾರದ ಹೆಸರು. ಅದು ಮಾತನಾಡುವ ಭಾಷೆಯ ಹೆಸರಲ್ಲ. ಅದೇ ಆಕಾರದಲ್ಲಿ ಸಾಟಾ ಬಗೆಯದೂ ಉಂಟು, ಎನ್‌ವಿಎಂಇ ಬಗೆಯದೂ ಉಂಟು. ಬೋರ್ಡಿನ ಆ ಗಾಡಿಗೆ ಎನ್‌ವಿಎಂಇ ಮಾತ್ರ ತಿಳಿದಿದ್ದರೆ ಸಾಟಾ ಡ್ರೈವು ಅಲ್ಲಿ ಕೂತರೂ ಕಾಣಿಸಿಕೊಳ್ಳದು. ೨೨೮೦ ಎಂದು ಬರೆದಿದ್ದರೆ ೨೨ ಮಿಲಿಮೀಟರ್ ಅಗಲ, ೮೦ ಮಿಲಿಮೀಟರ್ ಉದ್ದ ಎಂದು ತಿಳಿಯತಕ್ಕದ್ದು. ಕೆಲವು ಬೋರ್ಡುಗಳಲ್ಲಿ ಎಂ.೨ ಗಾಡಿಯನ್ನು ಬಳಸಿದರೆ ಒಂದೆರಡು ಸಾಟಾ ಬಾಯಿಗಳು ಮುಚ್ಚಿಕೊಳ್ಳುತ್ತವೆ. ಹಳೆಯ ಹಾರ್ಡ್ ಡಿಸ್ಕನ್ನು ಉಳಿಸಿಕೊಂಡವರು ಇದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

೭. ಮಾದರಿಯ ಪಟ್ಟಿ

೧೯೨೦ × ೧೦೮೦ ಪರದೆಗೆ ಸಾಧಾರಣ ಯಂತ್ರವೊಂದನ್ನು ಕಟ್ಟುವುದಾಗಿ ಇಟ್ಟುಕೊಳ್ಳೋಣ. ಪರದೆಗೆ ತಕ್ಕಂತೆ ಎನ್‌ವಿಡಿಯದ ಆರ್‌ಟಿಎಕ್ಸ್ ೫೦೬೦ ಕಾರ್ಡು. ಅದರ ಬೇಡಿಕೆ ೧೪೫ ವ್ಯಾಟು. ಪ್ರೊಸೆಸರು ಎ.ಎಂ.ಡಿ. ರೈಜೆನ್ ೫ ಬಳಗದ ೭೬೦೦. ಪೆಟ್ಟಿಗೆಯ ಮೇಲೆ ೬೫ ವ್ಯಾಟೆಂದಿದ್ದರೂ ೮೮ರವರೆಗೆ ಎಳೆಯಬಲ್ಲುದು. ಅದು ಎಎಂ೫ ಆದ್ದರಿಂದ ಬೋರ್ಡು ಬಿ೬೫೦ ಚಿಪ್‌ಸೆಟ್ಟಿನದು. ಎಎಂ೫ ಆದ್ದರಿಂದಲೇ ಮೆಮೊರಿ ಡಿಡಿಆರ್೫. ಈ ಪ್ರೊಸೆಸರಿನ ಪೆಟ್ಟಿಗೆಯಲ್ಲೇ ಕೂಲರ್ ಬರುವುದರಿಂದ ಆ ಖರ್ಚು ಉಳಿಯಿತು. ಪ್ರೊಸೆಸರು ಮತ್ತು ಕಾರ್ಡು ಸೇರಿ ೨೩೩ ವ್ಯಾಟು. ಉಳಿದವಕ್ಕೆ ಧಾರಾಳವಾಗಿ ೭೦ ಸೇರಿಸಿದರೆ ಸುಮಾರು ೩೦೦. ಈ ಕಾರ್ಡಿಗೆ ಎನ್‌ವಿಡಿಯ ಸೂಚಿಸುವುದು ೫೫೦ ವ್ಯಾಟಿನ ಪವರ್ ಸಪ್ಲೈ. ಕ್ಷಣಿಕವಾದ ಏರುಪೇರಿಗೂ ಮುಂದಿನ ಬದಲಾವಣೆಗೂ ಅಲ್ಲಿ ಅವಕಾಶವಿದೆ. ನೋಡಿ, ಪ್ರತಿಯೊಂದು ಆಯ್ಕೆಯೂ ಅದರ ಹಿಂದಿನದರಿಂದಲೇ ಹುಟ್ಟಿತು.

ಈ ಪಟ್ಟಿಯನ್ನು ಮನೆಯಲ್ಲೇ ಕಾಗದದ ಮೇಲೆ ಬರೆದು, ಪ್ರತಿ ಭಾಗದ ಪೂರ್ತಿ ಹೆಸರನ್ನು ಎದುರಿಗೆ ದಾಖಲಿಸಿ, ತಯಾರಕರ ವಿವರಪತ್ರದೊಡನೆ ಒಪ್ಪಿಟ್ಟು ನೋಡಿದ ಮೇಲೆಯೇ ಪೇಟೆಗೆ ಹೊರಡಬೇಕು. ‘ಅದಿಲ್ಲ, ಇದನ್ನು ಒಯ್ಯಿರಿ, ಎರಡೂ ಒಂದೇ’ ಎಂದು ಅಂಗಡಿಯವರು ಹೇಳಿದಾಗ ಆ ಕಾಗದವೇ ನಿಮ್ಮ ಕೈಹಿಡಿಯುತ್ತದೆ. ಹಿಂತಿರುಗಿಸುವ ಅವಧಿ ಎಷ್ಟು ದಿನವೆಂದು ರಸೀತಿಯ ಮೇಲೆ ಬರೆಸಿಕೊಳ್ಳಿ. ಭಾಗಗಳನ್ನು ತಿಂಗಳಿಗೊಂದರಂತೆ ಕೊಂಡು ಕಪಾಟಿನಲ್ಲಿಟ್ಟರೆ, ಕೊನೆಯದು ಬರುವ ಹೊತ್ತಿಗೆ ಮೊದಲನೆಯದರ ಅವಧಿ ಮುಗಿದಿರುತ್ತದೆ. ಆದ್ದರಿಂದ ಹಣ ಪೂರ್ತಿ ಕೂಡುವವರೆಗೆ ಕಾದು ಒಟ್ಟಿಗೆ ಕೊಳ್ಳುವುದೇ ಜಾಣತನ.

ಅಭ್ಯಾಸ

ಪಾಠ ಮನಸ್ಸಿಗೆ ಹತ್ತಿತೇ ಎಂದು ನೋಡಲು ಒಂದು ಲೆಕ್ಕ. ಒಬ್ಬರ ಬಳಿ ಎಎಂ೪ ಸಾಕೆಟ್ಟಿನ ಬಿ೪೫೦ ಬೋರ್ಡೂ, ೧೬ ಜಿಬಿ ಡಿಡಿಆರ್೪ ಮೆಮೊರಿಯೂ ಇವೆ. ಪ್ರೊಸೆಸರು ಹಳೆಯದಾಯಿತೆಂದು ರೈಜೆನ್ ೭೬೦೦ನ್ನು ತರಬೇಕೆಂದಿದ್ದಾರೆ. ಅವರಿಗೆ ನೀವು ಏನು ಹೇಳುವಿರಿ?

ಅದನ್ನು ತಂದರೆ ಬೋರ್ಡನ್ನೂ ಮೆಮೊರಿಯನ್ನೂ ಬದಲಾಯಿಸಬೇಕಾಗುತ್ತದೆ. ಒಂದು ಖರ್ಚು ಮೂರಾಗುತ್ತದೆ. ಅದರಲ್ಲೂ ೨೦೨೫ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ವಿಪರೀತವಾಗಿ ಏರಿದ್ದನ್ನು ಕಂಡವರು ಕೈಯಲ್ಲಿರುವುದನ್ನು ಸುಮ್ಮನೆ ಬಿಡಲಾರರು. ಅದರ ಬದಲು ಎಎಂ೪ಕ್ಕೇ ಸೇರಿದ ರೈಜೆನ್ ೫೬೦೦ನ್ನು ತಂದು, ಅದನ್ನು ಕೂರಿಸುವ ಮುನ್ನ ಬಯಾಸನ್ನು ಹೊಸದು ಮಾಡಿಕೊಂಡರೆ ಬೋರ್ಡೂ ಮೆಮೊರಿಯೂ ಹಾಗೆಯೇ ಮುಂದುವರಿಯುತ್ತವೆ. ಉಳಿದ ಹಣ ಗ್ರಾಫಿಕ್ಸ್ ಕಾರ್ಡಿಗೆ ಒದಗೀತು. ಈ ಉತ್ತರ ನಿಮಗೆ ತಾನಾಗಿಯೇ ಹೊಳೆದಿದ್ದರೆ, ಅಂಕಿಗಳ ಪೆಟ್ಟಿಗೆಗಳ ನಡುವೆ ನೀವು ಇನ್ನು ಧೈರ್ಯವಾಗಿ ನಿಲ್ಲಬಹುದು.